ಹಿಮಾಲಯದಲ್ಲೊಂದು ನಾಲ್ಕನೇ ಸೀಟು

ನನ್ನ ದೊಡ್ಡಮ್ಮನಿಗೆ ಹಿಮಾಲಯಕ್ಕೂ ಲೋಕಲ್ ಟ್ರೇನಿನ ಲೇಡೀಸ್ ಡಬ್ಬಕ್ಕೂ ವ್ಯತ್ಯಾಸವೇ ಗೊತ್ತಿರಲಿಲ್ಲ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ನಾನು ಹೇಳುವುದರಲ್ಲಿ ಅರ್ಧವನ್ನು ಬಿಟ್ಟು ಉಳಿದದ್ದನ್ನು ನಂಬಿದರೂ ಸಾಕು. ಯಾವ ಅರ್ಧವನ್ನು ಬಿಡಬೇಕು ಎಂಬುದು ಮಾತ್ರ ನನಗೂ ಗೊತ್ತಿಲ್ಲ!

ದೊಡ್ಡಮ್ಮ ದಿನವೂ ಡೊಂಬಿವಲಿಯಲ್ಲಿ ಗಾಡಿ ಹತ್ತಿ ಮುಂಬಯಿಯ ಕೋಟೆ ಭಾಗದ ಒಂದು ಕಚೇರಿಗೆ ಹೋಗಿಬರುತ್ತಿದ್ದರು. ಬೆಳಗಿನ ಹೊತ್ತು ಡೊಂಬಿವಲಿಯಲ್ಲಿ ಹತ್ತುವವರಿಗೆ ಈ ಭೂಮಿಯ ಮೇಲೆ ಬೇರೆ ಸಾಹಸ ಬೇಕೇ? ಆದರೆ ಆ ನೂಕುನುಗ್ಗಲಿಗೂ ಒಂದು ಕಾನೂನು ಉಂಟು. ಒಳಗೆ ನುಗ್ಗಿದ ಕೂಡಲೇ ಕೂತ ಹೆಂಗಸರನ್ನು ‘ಕಹಾಂ ಉತರೇಂಗೀ?’, ಎಲ್ಲಿ ಇಳಿಯುತ್ತೀರಿ, ಎಂದು ಕೇಳುತ್ತ ಹೋಗಬೇಕು. ಕೂತವಳು ಇಳಿದಾಗ, ಮೊದಲು ಕೇಳಿದವಳಿಗೆ ಆ ಸೀಟು. ಬರಹವಿಲ್ಲ, ಸಾಕ್ಷಿಯಿಲ್ಲ. ಆದರೂ ಮಾತು ಮುರಿದವಳಿಗೆ ಆ ಡಬ್ಬದಲ್ಲಿ ಉಳಿಗಾಲವಿಲ್ಲ. ಇನ್ನು, ಮೂವರ ಸೀಟಿನಲ್ಲಿ ಸರಿದು ನಾಲ್ಕನೆಯವಳಿಗೆ ಜಾಗ ಕೊಡಲೇಬೇಕು. ನಾಲ್ಕನೆಯವಳ ಅರ್ಧ ಸೊಂಟ ಸೀಟಿನ ಮೇಲೆ, ಉಳಿದರ್ಧ ಗಾಳಿಯಲ್ಲಿ. ದೊಡ್ಡಮ್ಮನ ಪ್ರಕಾರ ನಾಗರಿಕತೆ ಎಂದರೆ ಇಷ್ಟೇ.

ಈ ಕಾನೂನಿನಲ್ಲಿ ಕ್ಷಮೆಯೇ ಇಲ್ಲದ ಪಾಪವೂ ಒಂದಿದೆ. ‘ನನಗೊಂದು ಜಾಗ ಹಿಡಿ’ ಎಂದು ಗೆಳತಿಗೆ ಹೇಳಿ, ಆಮೇಲೆ ಆ ಗಾಡಿಗೆ ಬಾರದಿರುವುದು! ಪಾಪ, ಹಿಡಿದವಳು ಕರವಸ್ತ್ರ ಹಾಸಿ, ಊರವರಿಂದೆಲ್ಲ ಬೈಸಿಕೊಂಡು ಕಾದಿರುತ್ತಾಳೆ. ಮರುದಿನ ಅವಳ ಮುಖವನ್ನು ಹೇಗೆ ನೋಡುವುದು?

ಇಂಥ ದೊಡ್ಡಮ್ಮ ಐವತ್ತು ದಾಟಿದ ಮೇಲೆ, ಹಿಮಾಚಲದ ಬೆಟ್ಟಗಳಲ್ಲಿ ಪ್ರತಿ ಮೇ ತಿಂಗಳು ನಡೆಯುತ್ತಿದ್ದ ಯುವಜನರ ಚಾರಣ ಶಿಬಿರಕ್ಕೆ ಸ್ವಯಂಸೇವಕಿಯಾಗಿ ಹೊರಟುನಿಂತರು. ಇದನ್ನು ಅವರ ತಲೆಗೆ ತುಂಬಿದ್ದು ಯಾರು? ಟ್ರೇನಿನ ಗೆಳತಿ ಎಂದು ಅವರು ಹೇಳುತ್ತಾರೆ. ಟೀವಿ ಎಂದು ದೊಡ್ಡಪ್ಪ. ದೊಡ್ಡಪ್ಪನ ಗೊರಕೆ ಎಂದು ನನ್ನ ಗುಮಾನಿ.

“ಎರಡನೇ ಮಾಳಿಗೆ ಹತ್ತುವಷ್ಟರಲ್ಲಿ ಮೂರು ಸಲ ದೇವರನ್ನು ಕರೀತಿ. ಅಲ್ಲಿ ಹೋಗಿ ಎಂತ ಮಾಡ್ತಿ ಮಾರಾಯ್ತಿ?” ಎಂದರು ದೊಡ್ಡಪ್ಪ.

“ಅಲ್ಲಿ ದೇವರು ಹತ್ತಿರವೇ ಇರ್ತಾನಲ್ಲ, ಮೆಲ್ಲ ಕರೆದ್ರೆ ಸಾಕು!”

ಆಗಷ್ಟೇ ಕಾಲೇಜಿನ ಪರೀಕ್ಷೆ ಮುಗಿಸಿ ಕೂತಿದ್ದ ನನ್ನನ್ನೂ ಎಳೆದುಕೊಂಡು ಹೋದರು. ಬೆಟ್ಟದ ನಡುವೆ ಒಂದಷ್ಟು ಡೇರೆಗಳು. ಪ್ರತಿ ಸಂಜೆ ಕೆಳಗಿನಿಂದ ಹುಡುಗ ಹುಡುಗಿಯರ ಒಂದು ತಂಡ ಬರುತ್ತದೆ. ಉಣಿಸಿ, ಮಲಗಿಸಿ, ಬೆಳಿಗ್ಗೆ ಎಬ್ಬಿಸಿ ಮುಂದಿನ ಶಿಬಿರಕ್ಕೆ ದಾಟಿಸಬೇಕು. ಹುಡುಗಿಯರ ಡೇರೆಗಳು ದೊಡ್ಡಮ್ಮನ ಸುಪರ್ದಿಗೆ ಬಂದವು. ಅಲ್ಲಿಗೆ ಮುಗಿಯಿತು.

ಒಂದು ಸಂಜೆ ಗಾಳಿಗೆ ಒಂದು ಡೇರೆ ಕುಸಿಯಿತು. ಅದರಲ್ಲಿದ್ದವರನ್ನು ಪಕ್ಕದ ಡೇರೆಗೆ ಕಳಿಸಿದರೆ, ಅಲ್ಲಿಂದ ಮುಂಬಯಿ ಪಕ್ಕದ ಠಾಣೆ ಊರಿನ ಒಬ್ಬ ಹುಡುಗಿ ತಲೆ ಹೊರಹಾಕಿ “ಆಂಟಿ, ಇಥೇ ಜಾಗಾ ನಾಹೀ!” ಎಂದು ಮರಾಠಿಯಲ್ಲಿ ಸಾರಿದಳು.

“ಜಾಗ ಇಲ್ವಾ?” ದೊಡ್ಡಮ್ಮನ ಕಣ್ಣು ಕೆಂಪಾಯಿತು. “ಥೋಡಾ ಸರ್ಕೋ! ಯಾವತ್ತಾದ್ರೂ ಡೊಂಬಿವಲಿಯಲ್ಲಿ ಗಾಡಿ ಹತ್ತಿದ್ದೀಯಾ ನೀನು?”

ಸರಿದರು. ಸರಿಯದೆ ಏನು ಮಾಡಿಯಾರು? ಎಲ್ಲರೂ ಒಂದೇ ಮಗ್ಗುಲಾಗಿ, ಡಬ್ಬಿಯಲ್ಲಿ ಜೋಡಿಸಿಟ್ಟ ಹಪ್ಪಳದಂತೆ ಮಲಗಿದರು. ಒಬ್ಬಳು ಹೊರಳಬೇಕಾದರೆ ಇಡೀ ಡೇರೆಯೇ ಹೊರಳಬೇಕು! ಬೆಳಿಗ್ಗೆ ದೂರಿನ ಮಹಾಪೂರ ಬರುತ್ತದೆಂದು ನಾನು ಹೆದರಿದ್ದೆ. ಬಂದದ್ದು ಅದೇ ಠಾಣೆಯ ಹುಡುಗಿ. “ಆಂಟಿ, ಮನೆ ಬಿಟ್ಟಮೇಲೆ ಚಳಿಯಾಗದೆ ಮಲಗಿದ್ದು ಇವತ್ತೇ” ಎಂದಳು. ಮುಂದೆ ಆ ಕುಸಿದ ಡೇರೆಯನ್ನು ಎತ್ತಿ ಕಟ್ಟಿದರೂ ಅದರಲ್ಲಿ ಮಲಗಲು ಯಾರನ್ನೂ ದೊಡ್ಡಮ್ಮ ಬಿಡಲಿಲ್ಲ. ಅದರಲ್ಲಿ ಆಲೂಗಡ್ಡೆ ಇಟ್ಟರು.

ದಾರಿಯಲ್ಲಿ ನಡೆಯುವಾಗಲೂ ಅಷ್ಟೇ. ತಂಡ ದಣಿದು ಕೂತಿರುತ್ತದೆ. ಊರು ಇನ್ನೂ ಒಂದು ತಿರುವಿನಾಚೆ ಇರುವಾಗಲೇ ಇವರು, “ಚಲೋ, ಆನೇವಾಲಾ ಹೈ! ಬಂದೇಬಿಡ್ತು, ಎಲ್ಲರೂ ಎದ್ದು ಬಾಗಿಲ ಹತ್ತಿರ ಬನ್ನಿ!” ಎಂದು ಕೂಗುತ್ತಿದ್ದರು. ಯಾವ ಬಾಗಿಲು? ಎದುರಿಗಿದ್ದದ್ದು ಪ್ರಪಾತ!

ನಮ್ಮ ಡೇರೆಗಳಿಂದ ಇನ್ನೂ ಮೇಲೆ, ದಾರಿ ಮುಗಿಯುವಲ್ಲಿ ಒಂದು ಕೊನೆಯ ಹಳ್ಳಿಯಿತ್ತು. ಅದರ ಏರು ಶುರುವಾಗುವಲ್ಲಿ ಕುದುರೆಯವನೊಬ್ಬ ನಿಂತಿರುತ್ತಿದ್ದ. ಒಂದು ದಿನ ನಾವಿಬ್ಬರೂ ಅತ್ತ ಹೊರಟಾಗ, “ಮಾತಾಜೀ, ಘೋಡಾ?” ಎಂದ.

“ವಿದೌಟ್ ಟಿಕೆಟ್ ಹೋಗ್ಲಿಕ್ಕೆ ಹೇಳ್ತಾನೆ ನೋಡು!”

“ಅವನಿಗೆ ಬಾಡಿಗೆ ಕೊಡ್ತೇವಲ್ಲ ದೊಡ್ಡಮ್ಮ?”

“ಇಲ್ಲಿ ಟಿಕೆಟ್ ಅಂದ್ರೆ ಕಾಲು ಮಗಾ. ಕುದುರೆ ಮೇಲೆ ಕೂತ್ರೆ ಬೆಟ್ಟ ಹತ್ತಿದ್ದು ಕುದುರೆ, ನಾನಲ್ಲ. ಪ್ರಾಣ ಹೋದ್ರೂ ಹತ್ತುವುದಿಲ್ಲ!”

ಏದುಸಿರು ಬಿಡುತ್ತ ಮೇಲೆ ಬಂದೆವು. ಕಲ್ಲುಚಪ್ಪಡಿಯ ಮಾಡಿನ ಮನೆಗಳು. ಊರಂಚಿನಲ್ಲಿ ಒಂದು ಚಪ್ಪಟೆ ಬಂಡೆ. ಆ ಚಳಿಯಲ್ಲಿ ಬಿಸಿಲು ಬಿದ್ದಿದ್ದು ಅದರ ಮೇಲೊಂದೇ. ನಟ್ಟನಡುವೆ ಒಬ್ಬ ಅಜ್ಜಿ ಕೂತು ಕದಿರಿನಲ್ಲಿ ಉಣ್ಣೆ ನೂಲುತ್ತಿದ್ದಳು. ದೊಡ್ಡಮ್ಮ ನೆಟ್ಟಗೆ ಹೋಗಿ, ಅಭ್ಯಾಸಬಲದಿಂದ ಕೇಳಿಯೇಬಿಟ್ಟರು: “ಕಹಾಂ ಉತರೇಂಗೀ, ಮಾಜೀ?”

ಭೂಮಿ ಬಾಯಿಬಿಡಬಾರದೇ ಎನಿಸಿತು ನನಗೆ. ಅಜ್ಜಿ ಕೆಳಗಿನ ಕಣಿವೆಯನ್ನೊಮ್ಮೆ, ದೊಡ್ಡಮ್ಮನನ್ನೊಮ್ಮೆ ನೋಡಿದಳು. “ಕಹೀಂ ನಹೀಂ ಬೇಟೀ, ಮೈಂ ತೋ ಯಹೀಂ ಕೀ ಹೂಂ.” ಎಲ್ಲಿಯೂ ಇಲ್ಲ ಮಗಳೇ, ನಾನು ಇಲ್ಲಿಯವಳೇ.

ದೊಡ್ಡಮ್ಮ ನಾಲಿಗೆ ಕಚ್ಚಿಕೊಂಡರು. ಆಮೇಲೆ ತಮ್ಮ ಹಿಂದಿಯಲ್ಲಿ ಲೇಡೀಸ್ ಡಬ್ಬದ ಇಡೀ ಕಾನೂನನ್ನು ಆ ತಾಯಿಗೆ ಒಪ್ಪಿಸಿದರು. ಕೇಳಿ ಕೇಳಿ ಅಜ್ಜಿ ಕದಿರು ನಿಲ್ಲಿಸಿ ನಕ್ಕಳು, ನಕ್ಕು ಸರಿದಳು. ದೊಡ್ಡಮ್ಮ ಬಂಡೆಯ ತುದಿಯಲ್ಲಿ ಅರ್ಧ ಸೊಂಟ ಊರಿ ಕೂತರು. ಪಕ್ಕದಲ್ಲಿ ಒಂದು ಎಮ್ಮೆ ಮಲಗುವಷ್ಟು ಜಾಗ ಖಾಲಿ!

“ಸರಿಯಾಗಿ ಕೂತ್ಕೊಳ್ಳಿ ದೊಡ್ಡಮ್ಮ.”

“ಇರ್ಲಿ ಬಿಡು. ಹೀಗೇ ಕೂತು ಅಭ್ಯಾಸ.”

ಅಜ್ಜಿ ಚಹಾಕ್ಕೆ ಹೇಳಿದಳು. ಒಲೆಯ ಮೇಲೆ ನೀರು ಕುದಿಯುವ ಮೊದಲೇ ಕೆಳಗಿನಿಂದ ಶಿಬಿರದ ಸೀಟಿ ಕೇಳಿತು. ತಂಡ ಬಂದಿತ್ತು, ನಾವು ಇಳಿಯಲೇಬೇಕು. ಅಜ್ಜಿಗೆ ಸಿಟ್ಟು ಬಂತು. ಆಗ ದೊಡ್ಡಮ್ಮ ಸೊಂಟದಿಂದ ಕರವಸ್ತ್ರ ತೆಗೆದು, ತಾವು ಕೂತಲ್ಲಿ ಹಾಸಿ, ಗಾಳಿಗೆ ಹಾರದಂತೆ ಮೇಲೊಂದು ಕಲ್ಲಿಟ್ಟರು. “ಅಗಲೇ ಸಾಲ್ ಆವೂಂಗೀ. ಜಗಾ ಪಕಡ್ ಕೇ ರಖನಾ.” ಮುಂದಿನ ವರ್ಷ ಬರುತ್ತೇನೆ, ನನ್ನ ಜಾಗ ಹಿಡಿದಿಡಿ.

ಇದೆಲ್ಲ ಹೀಗೇ ನಡೆಯಿತೇ? ಎಷ್ಟು ಸಲ ಹೇಳಿದ್ದೇನೆಂದರೆ, ಈಗ ನೆನಪಿರುವುದು ನಡೆದದ್ದೋ ನಾನು ಹೇಳಿದ್ದೋ ತಿಳಿಯದು. ನನ್ನ ನೆನಪಿನಲ್ಲಿ ಅಂದು ಹೊಳೆಯುವ ಬಿಸಿಲಿದೆ. ಇರುವ ಒಂದೇ ಫೋಟೋದಲ್ಲಿ ಬಿಸಿಲೂ ಇಲ್ಲ, ಅಜ್ಜಿಯೂ ಇಲ್ಲ. ಮಂಜು, ಮಂಜಿನೊಳಗೆ ದೊಡ್ಡಮ್ಮನ ಒಂದು ಮೊಣಕೈ. ತೆಗೆದವಳು ನಾನೇ!

ಮುಂದಿನ ವರ್ಷ ದೊಡ್ಡಮ್ಮ ಹೋಗಲಿಲ್ಲ. ಮೊಣಕಾಲು ಕೈಕೊಟ್ಟಿತು. ಅದರ ಮುಂದಿನ ವರ್ಷವೂ ಇಲ್ಲ. ಡಾಕ್ಟರು ಏರು ಹತ್ತಕೂಡದೆಂದರು. ದೊಡ್ಡಮ್ಮ ನಿವೃತ್ತರಾದರು. ಡೊಂಬಿವಲಿಯ ಮಾಳಿಗೆ ಮನೆ ಬಿಟ್ಟು ಅದೇ ರೈಲುದಾರಿಯ ಟಿಟ್ವಾಳಾದಲ್ಲಿ ನೆಲಮಟ್ಟದ ಮನೆಗೆ ಬಂದರು. ಬೆಟ್ಟದ ಬುಡದಲ್ಲಿರುವ ಶಿಬಿರದಲ್ಲಾದರೂ ಕೆಲಸ ಮಾಡಿ ಎಂದು ಶಿಬಿರದವರು ಕರೆದರೆ, “ಅದು ಪ್ಲಾಟ್‌ಫಾರ್ಮ್. ಪ್ಲಾಟ್‌ಫಾರ್ಮಿನಲ್ಲಿ ಕೂತು ಬೇರೆಯವರ ಗಾಡಿ ನೋಡ್ಲಿಕ್ಕೆ ಅಷ್ಟು ದೂರ ಹೋಗ್ಬೇಕಾ?” ಎಂದು ಫೋನಿಟ್ಟರು.

ಏಪ್ರಿಲ್ ಬಂದರೆ ಸಾಕು, “ಆ ಅಜ್ಜಿಗೆ ಜಾಗ ಹಿಡೀಲಿಕ್ಕೆ ಹೇಳಿ ಬಂದಿದ್ದೇನಲ್ಲ” ಎಂದು ಚಡಪಡಿಸುತ್ತಿದ್ದರು.

“ಹಾಗಾದ್ರೆ ಕುದುರೆ ಮೇಲೆ ಹೋಗು” ಎಂದರು ದೊಡ್ಡಪ್ಪ ಒಮ್ಮೆ. ಅಂದು ಸಾರಿಗೆ ಉಪ್ಪು ಬೀಳಲಿಲ್ಲ.

ಬರಬರುತ್ತಾ ಅಜ್ಜಿಯ ಮಾತನ್ನೂ ಬಿಟ್ಟರು. ಕಿಟಕಿಯ ಬಳಿ ಕೂತು ಹೋಗಿಬರುವ ಗಾಡಿಗಳ ಸದ್ದು ಕೇಳುತ್ತಿದ್ದರು. ರೇಗಿಸಿದರೂ ರೇಗುತ್ತಿರಲಿಲ್ಲ. ನಮಗೆ ಹೆದರಿಕೆಯಾದದ್ದು ಅದಕ್ಕೇ.

ಅಷ್ಟರಲ್ಲಿ ನಾನು ಕೆಲಸ ಹಿಡಿದು ಕೋಪರಖೈರಣೆಯಲ್ಲಿ ಮನೆ ಮಾಡಿದ್ದೆ. ಒಂದು ಮೇ ತಿಂಗಳು, ಯಾರಿಗೂ ಹೇಳದೆ, ನಾನೇ ಸ್ವಯಂಸೇವಕಿಯಾಗಿ ಆ ಶಿಬಿರಕ್ಕೆ ಹೋದೆ. ಬಿಡುವಾದ ಒಂದು ಮಧ್ಯಾಹ್ನ ಮೂರ್ನಾಲ್ಕು ಹುಡುಗಿಯರನ್ನು ಕರೆದುಕೊಂಡು ಕೊನೆಯ ಹಳ್ಳಿಗೆ ಹತ್ತಿದೆ.

ಬಂಡೆ ಇತ್ತು. ಅಜ್ಜಿಯೂ ಇದ್ದಳು, ಇನ್ನಷ್ಟು ಕುಗ್ಗಿಹೋಗಿ. ಆದರೆ ಈಗ ನಡುವೆ ಕೂತಿರಲಿಲ್ಲ. ಒಂದು ತುದಿಯಲ್ಲಿ, ಅರ್ಧ ಸೊಂಟ ಊರಿ ಕೂತಿದ್ದಳು. ಉಳಿದ ಬಂಡೆಯೆಲ್ಲ ಖಾಲಿ. ಅದರ ಮೇಲೊಂದು ಕಲ್ಲು, ಕಲ್ಲಿನಡಿ ಒಂದು ಬಟ್ಟೆಯ ಚೂರು. ನನ್ನ ಜೊತೆಯ ಹುಡುಗಿಯೊಬ್ಬಳು ದಣಿದು ಅಲ್ಲಿ ಕೂರಹೋದಳು. ಅಜ್ಜಿ ಕದಿರೆತ್ತಿದಳು. “ವಹಾಂ ನಹೀಂ! ವೋ ಜಗಾ ಕಿಸೀ ಕೀ ಹೈ.” ಅಲ್ಲಿ ಬೇಡ, ಅದು ಒಬ್ಬರ ಜಾಗ!

ನಾನು ಯಾರೆಂದು ಹೇಳಿದೆ. ಅಜ್ಜಿ ನನ್ನ ಹಿಂದಿನ ದಾರಿಯನ್ನು ನೋಡಿದಳು. “ಅವಳೆಲ್ಲಿ?”

“ಮೊಣಕಾಲು ನೋವು, ಮಾಜೀ.”

“ನನಗೂ ನೋವು. ಅದಕ್ಕೇ ಅಲ್ಲವೇ ಕೂತಿರುವುದು? ಹೋಗಿ ಹೇಳು, ಚಹಾ ಆರುತ್ತಿದೆ ಅಂತ.”

ಊರಿಗೆ ಮರಳಿದವಳೇ ಟಿಟ್ವಾಳಾಕ್ಕೆ ಹೋಗಿ ಎಲ್ಲವನ್ನೂ ಹೇಳಿದೆ. ದೊಡ್ಡಮ್ಮ ಕಿಟಕಿಯಿಂದ ನನ್ನತ್ತ ತಿರುಗಿ ಕೂತರು. ಆಮೇಲೆ, “ಬಟ್ಟೆ ಯಾವ ಬಣ್ಣ?” ಎಂದರು.

“ಬಣ್ಣ ಎಲ್ಲಿ ಉಳೀತದೆ ದೊಡ್ಡಮ್ಮ? ಆದ್ರೆ ನಿಮ್ಮದು ಬಿಳಿ ಅಲ್ವಾ, ನೀಲಿ ಅಂಚಿಂದು.”

“ನಿನ್ನ ತಲೆ! ಹಳದಿ ಹೂವಿಂದು!”

ಅವರು ಬೈದು ಎಷ್ಟೋ ಕಾಲವಾಗಿತ್ತು. ಕಲ್ಲಿನಡಿಯ ಆ ಚೂರು ಬಿಳಿಯದೋ, ಹಳದಿಯದೋ, ದೊಡ್ಡಮ್ಮನದೇ ಅಲ್ಲವೋ, ನಾನು ಎತ್ತಿ ನೋಡಿರಲಿಲ್ಲ. ನೋಡಬೇಕೆನಿಸಲೂ ಇಲ್ಲ.

“ಇಷ್ಟು ವರ್ಷ ಅವರು ಅರ್ಧದಲ್ಲೇ ಕೂತಿದ್ದಾರಾ?”

“ಹೌದು.”

“ಹುಚ್ಚು ಮುದುಕಿ! ಬಂಡೆ ಇಡೀ ಅವರದ್ದೇ ಅಲ್ವಾ!” ಸೆರಗಿನಿಂದ ಮೂಗೊರೆಸಿಕೊಂಡರು. ಹೊರಗೆ ಒಂದು ಗಾಡಿ ಹೋಯಿತು. ಅದರ ಸದ್ದು ಅಡಗುವವರೆಗೂ ಕಾದು, ಒಳಗೆ ಪೇಪರ್ ಓದುತ್ತಿದ್ದ ದೊಡ್ಡಪ್ಪನ ಕಡೆ ಒಮ್ಮೆ ಕಣ್ಣು ಹಾಯಿಸಿ, ಅವರಿಗೆ ಕೇಳಿಸದಂತೆ ನನ್ನ ಕಿವಿಯ ಹತ್ತಿರ ಬಾಗಿದರು.

“ಆ ಕುದುರೆಯವನು ಈಗ್ಲೂ ಅಲ್ಲೇ ನಿಲ್ತಾನಾ?”