ಅಧಿಕ ಮಾಸದ ಬ್ಯಾಂಡೇಜು

ಈ ಅಧಿಕ ಮಾಸ ಮುಗಿಯುವುದರೊಳಗೆ ಮನೆಮಂದಿಯೆಲ್ಲರ ಬಾಯಲ್ಲೂ ನನ್ನನ್ನು ನೋಡಿ ‘ಪಾಪ!’ ಎನ್ನಿಸದಿದ್ದರೆ ನನ್ನ ಹೆಸರು ಮೃದುಲಾ ಅಲ್ಲ! ನಾಶಿಕದ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ, ತುಳಸಿ ಕುಂಡವೇ ಸಾಕ್ಷಿಯಾಗಿ, ಎದೆ ಸೆಟೆಸಿ ನಿಂತು ಹೀಗೆಂದು ಶಪಥ ಮಾಡಿದೆ. ಸೆಟೆಸಿದ ಎದೆ ಮತ್ತೆ ಸಡಿಲಾಗಲು ಕಾಲು ಗಂಟೆ ಹಿಡಿಯಿತು. ಅದೇ ನನ್ನ ಕಾಯಿಲೆ.

ಕಾಯಿಲೆಯ ಹೆಸರು ಫೈಬ್ರೊಮಯಾಲ್ಜಿಯಾ. ನಾನು ಹೆಸರು ಹೇಳಿ ಮುಗಿಸುವಷ್ಟರಲ್ಲಿ ಕೇಳುವವರು ಒಮ್ಮೆ ಆಕಳಿಸಿ, ಗಡಿಯಾರ ನೋಡಿ, ವಿಷಯ ಬದಲಿಸಿರುತ್ತಾರೆ. ಮೈಯಲ್ಲಿ ನೋಯದ ಜಾಗವೆಂದರೆ ಉಗುರು ಮತ್ತು ಕೂದಲು ಮಾತ್ರ. ಕೂದಲಿನ ಬಗ್ಗೆ ನನಗೆ ಅಷ್ಟು ಖಾತ್ರಿಯಿಲ್ಲ. ರಾತ್ರಿಯಿಡೀ ಮಲಗಿದ್ದರೂ ಬೆಳಿಗ್ಗೆ ಏಳುವಾಗ, ಲಾಸಲಗಾಂವ್ ಮಾರುಕಟ್ಟೆಯ ಉಳ್ಳಾಗಡ್ಡಿ ಚೀಲಗಳನ್ನೆಲ್ಲ ನಾನೊಬ್ಬಳೇ ಲಾರಿಗೆ ಏರಿಸಿ ಬಂದ ಹಾಗೆ ಅನ್ನಿಸುತ್ತದೆ. ಆದರೆ ನೋಡುವವರ ಕಣ್ಣಿಗೆ? ದುಂಡಗೆ, ಕೆಂಪಗೆ, ಗುಂಡುಕಲ್ಲು! ಒಂದು ಬಾವು ಇಲ್ಲ, ಗಾಯವಿಲ್ಲ, ಜ್ವರವಿಲ್ಲ. ಇಂಥ ನಾಚಿಕೆಗೇಡಿ ಕಾಯಿಲೆಯನ್ನು ಇಟ್ಟುಕೊಂಡು ನಾಲ್ಕು ಜನರ ನಡುವೆ ಮುಖ ಎತ್ತುವುದು ಹೇಗೆ?

ನನ್ನ ಪತಿರಾಯರು ಮಧುಕರ. ಓಝರ್ ಬಳಿಯ ವಿಮಾನ ಕಾರ್ಖಾನೆಯಲ್ಲಿ ತಪಾಸಣೆ ವಿಭಾಗ. ಬಿಡಿಭಾಗಗಳಿಗೆ ಎಕ್ಸ್‌ರೇ ಹಿಡಿದು, ಬಿರುಕು ಕಾಣದಿದ್ದರೆ ‘ಓಕೆ’ ಎಂದು ಮುದ್ರೆ ಒತ್ತುವುದು ಅವರ ಕೆಲಸ. ವಿಮಾನಗಳ ಪಾಲಿಗೆ ಇದು ಒಳ್ಳೆಯದೇ. ಹೆಂಡತಿಯನ್ನೂ ಇದೇ ಪದ್ಧತಿಯಲ್ಲಿ ತಪಾಸಣೆ ಮಾಡುವುದು ತೊಂದರೆ! ನನ್ನ ರಕ್ತ, ಎಲುಬು, ಬೆನ್ನು, ಎಲ್ಲದರ ರಿಪೋರ್ಟೂ ‘ನಾರ್ಮಲ್’ ಎಂದು ಬಂದ ದಿನ ಈ ಮಹಾಶಯರು ಪೇಢೆ ತಂದು ಓಣಿಗೆಲ್ಲ ಹಂಚಿದರು.

“ನನಗ ಬ್ಯಾನಿ ತಾಳ್ಲಿಕ್ಕೆ ಆಗವಲ್ದು, ನೀವು ಪೇಢೆ ಹಂಚ್ತೀರಲ್ರಿ!” ಎಂದೆ.

“ಏನೂ ಇಲ್ಲ ಅಂತ ಬಂದದಲ್ಲ ಮಾರಾಯ್ತಿ! ನಿನಗ ಬ್ಯಾನಿ ಇರೋದಕ್ಕಿಂತ ಬ್ಯಾನಿ ಇಲ್ಲ ಅನ್ನೋದ ಬ್ಯಾನಿ ಆಗೇದ.”

ಕೊನೆಗೆ ಕಾಯಿಲೆಯನ್ನು ಗುರುತಿಸಿದ ಡಾಕ್ಟರಮ್ಮ ಪುಣ್ಯವಂತೆ. “ಎಕ್ಸ್‌ರೇಯಲ್ಲಿ ಇದು ಕಾಣುವುದಿಲ್ಲ, ಆದರೆ ಇದೆ” ಎಂದಳು. ಆಕೆಯ ಟೇಬಲ್ಲಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಗುಳಿಗೆ ಕೊಟ್ಟಳು, ನಿದ್ದೆಯ ಹೊತ್ತು ಗೊತ್ತುಮಾಡಿಕೊಟ್ಟಳು, ದಿನಾ ಸ್ವಲ್ಪ ಸ್ವಲ್ಪವೇ ನಡೆಯಲು ಹೇಳಿದಳು. “ಹುರುಪು ಬಂದ ದಿನವೂ ಅರ್ಧ ಕೆಲಸವನ್ನೇ ಮಾಡಿ” ಎಂದು ಬೆದರಿಸಿದಳು. ಒಂದು ವರ್ಷ ಹಾಗೇ ನಡೆದುಕೊಂಡೆ. ಮೊದಲು ಚಹಾದ ಕಪ್ಪು ಎತ್ತಿದರೆ ನರಳುತ್ತಿದ್ದವಳು ಈಗ ಅಂಬಡದ ನಮ್ಮ ಬ್ಯಾಂಕ್ ಶಾಖೆಯಲ್ಲಿ ಸಂಜೆಯವರೆಗೆ ಕೂರುತ್ತೇನೆ. ಆದರೆ ಒಂದು ದಿನ ಹೆಚ್ಚು ದುಡಿದರೆ ಹದಿನೈದು ದಿನ ಹಾಸಿಗೆ ಖಂಡಿತ. ಗಳಿಸಿದ್ದೆಲ್ಲ ನೀರುಪಾಲು.

ಇಂಥ ಹೊತ್ತಿನಲ್ಲೇ ಅಧಿಕ ಮಾಸ ಬಂತು! ಅಧಿಕ ಮಾಸವೆಂದರೆ ಅಳಿಯಂದಿರ ಸುಗ್ಗಿ. ಹೆಣ್ಣು ಕೊಟ್ಟವರು ಅಳಿಯನಿಗೆ ಬೆಳ್ಳಿ ತಟ್ಟೆಯಲ್ಲಿ ಮೂವತ್ತಮೂರು ಅನಾರಸೆ, ಅಂದರೆ ಗಸಗಸೆ ಮೆತ್ತಿದ ಕಜ್ಜಾಯ ಇಟ್ಟು, ಮೇಲೊಂದು ದೀಪ ಹಚ್ಚಿ ಕೊಡಬೇಕು. ಅವತ್ತು ಅಳಿಯ ಎಂದರೆ ಸಾಕ್ಷಾತ್ ನಾರಾಯಣ. ನನ್ನ ನಾದಿನಿ ಮೃಣಾಲಿನಿ ಇರುವುದು ಸಂಭಾಜಿನಗರದಲ್ಲಿ. ಆಕೆಯ ಗಂಡ ರಘುನಂದನನೇ ನಮ್ಮ ಮನೆಯ ನಾರಾಯಣ.

“ಈ ಸಲ ಅನಾರಸಿ ಮನ್ಯಾಗ ಮಾಡೋದು. ಅಂಗಡಿದು ನಾರಾಯಣಗ ಮುಟ್ಟೂದಿಲ್ಲ” ಎಂದು ನಮ್ಮ ಅತ್ತೆ ವಾರಿಜಾಕ್ಷಿಬಾಯಿ ಘೋಷಿಸಿದರು. ಧಾರವಾಡದಿಂದ ಮಗನ ಮನೆಗೆ ಬಂದು ವರ್ಷಗಳಾದರೂ ಅವರ ಮಾತಿಗೆ ಮರಾಠಿ ಸೋಂಕಿಲ್ಲ, ಅವರ ಹುಕುಮಿಗೆ ಎದುರಿಲ್ಲ.

ಅನಾರಸೆ ಮಾಡಿದವರಿಗೆ ಗೊತ್ತು ಅದರ ಸೊಕ್ಕು. ಅಕ್ಕಿ ಮೂರು ದಿನ ನೆನೆಸಬೇಕು, ಆರಿಸಬೇಕು, ಕುಟ್ಟಬೇಕು, ಬೆಲ್ಲ ಹಾಕಿ ನಾದಬೇಕು, ಗಸಗಸೆಯ ಮೇಲೆ ತಟ್ಟಬೇಕು. ಇಷ್ಟೆಲ್ಲ ಸೇವೆ ಮಾಡಿಸಿಕೊಂಡು ತುಪ್ಪಕ್ಕೆ ಬಿದ್ದ ಕೂಡಲೇ ಅದು ಮುನಿಸಿಕೊಂಡು ಚೆದುರಿ ಹೋಗಬಹುದು!

“ಅತ್ಯಾ, ನನ್ನ ಕಡೆ ಆಗೂದಿಲ್ರಿ. ಕುಟ್ಟಿ ನಾದಿದ್ರ ಮುಂದ ಏಳ್ಲಿಕ್ಕೇ ಆಗೂದಿಲ್ಲ.”

“ಏನಾಗೇದ? ಕೈ ಮುರದದೇನು, ಕಾಲು ಮುರದದೇನು? ನಮ್ಮ ಕಾಲದಾಗ ಇಂಥಾ ಬ್ಯಾನಿಗೋಳಿಗೆ ಹೆಸರ ಇರಲಿಲ್ಲ.”

ಆಹಾ! ಆ ಮಾತೇ ನನಗೆ ದಾರಿ ತೋರಿಸಿತು. ಇವರಿಗೆ ಬೇಕಾದದ್ದು ಮುರಿದ ಕೈ. ತಗೊಳ್ಳಿ, ಕೊಟ್ಟೆ!

ಮಗಳು ಮೈತ್ರೇಯಿ ಕಾಲೇಜಿನವರ ಜೊತೆ ಗುಡ್ಡ ಹತ್ತುವ ಚಟದವಳು. ಅವಳ ಚೀಲದಿಂದ ಬ್ಯಾಂಡೇಜು ಕದ್ದು ಸುತ್ತಿಕೊಳ್ಳುತ್ತಿರುವಾಗ ಸಿಕ್ಕಿಬಿದ್ದೆ.

“ಆಯಿ, ಹೇ ಕಾಯ್? ಕೈಗೆ ಏನೂ ಆಗಿಲ್ಲ ನಾ ನಿಂದು? ಧಿಸ್ ಈಸ್ ಚೀಟಿಂಗ್!”

“ಬ್ಯಾನಿ ಖರೇ ಅದ, ಪಟ್ಟಿ ಅಷ್ಟ ಸುಳ್ಳು. ಅರ್ಧಾ ಚೀಟಿಂಗ್. ಆ ತುದಿ ಹಿಡಿ ಇಲ್ಲೆ!”

ಸುತ್ತಿದ್ದು ಎಡಗೈಗೆ. ಬಲಗೈ ಸಹಿಗೆ ಬೇಕು, ಊಟಕ್ಕೆ ಬೇಕು, ಮೊಬೈಲಿಗಂತೂ ಬೇಕೇ ಬೇಕು. ಬ್ಯಾಂಕ್ ಆಫೀಸರ್ ಎಂದರೆ ಸುಮ್ಮನೆಯೇ? ಇಂಥ ಮುಂದಾಲೋಚನೆ ನಮ್ಮ ರಿಸರ್ವ್ ಬ್ಯಾಂಕಿಗೂ ಇರಲಾರದು ಎಂದು ಕನ್ನಡಿಯ ಮುಂದೆ ನಿಂತು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ತಟ್ಟಿದ್ದು ನೋಯಿತು.

ಸಂಜೆ ಪತಿರಾಯರು ಬಂದರು. ನನ್ನ ಕೈ ನೋಡಿದರು. ಅವರ ಕೈಯಲ್ಲಿದ್ದ ಟಿಫಿನ್ ಡಬ್ಬಿ ನೆಲ ಕಂಡಿತು.

“ಅಯ್ಯಯ್ಯ! ಏನ ಮಾಡ್ಕೊಂಡಿ ಇದು?”

“ಬ್ಯಾಂಕಿನ ಮೆಟ್ಲ ಮ್ಯಾಲೆ ಜಾರಿದೆ. ಸಣ್ಣ ಕ್ರ್ಯಾಕ್ ಅಂತ.”

ಬಿರುಕು! ಅವರಿಗೆ ಅರ್ಥವಾಗುವ ಏಕೈಕ ಭಾಷೆ! ಓಡಿ ಹೋಗಿ ದಿಂಬು ತಂದರು, ಫ್ಯಾನ್ ಹಾಕಿದರು, ಮದುವೆಯಾದ ಮೇಲೆ ಮೊದಲ ಬಾರಿಗೆ ಸಕ್ಕರೆ ಡಬ್ಬಿ ಎಲ್ಲಿದೆ ಎಂದು ತಾವೇ ಹುಡುಕಿ ಚಹಾ ಮಾಡಿದರು. ಎರಡು ವರ್ಷದ ಕಣ್ಣೀರಿಗೆ ಸಿಗದ ಚಹಾ ಎರಡು ಮೊಳ ಬಟ್ಟೆಗೆ ಸಿಕ್ಕಿತು! ನೆರೆಮನೆಯವರು ರಾತ್ರಿಯ ಊಟಕ್ಕೆಂದು ಪಿಠ್ಲ ಭಾಕರಿ ತಂದುಕೊಟ್ಟರು. ನಮ್ಮ ಮ್ಯಾನೇಜರ್ ವೈಜನಾಥ ಸಾಹೇಬರ ಹತ್ತಿರ ಬೆನ್ನಿಗೆ ಆಸರೆಯಿರುವ ಕುರ್ಚಿ ಬೇಡಿ ಬೇಡಿ ನನ್ನ ನಾಲಿಗೆ ಒಣಗಿತ್ತು. “ಬಜೆಟ್ ನಾಹೀ” ಎನ್ನುತ್ತಿದ್ದರು. ಈಗ ಎಡಗೈ ನೋಡಿ ತಮ್ಮ ತಿರುಗುವ ಕುರ್ಚಿಯನ್ನೇ ತಳ್ಳಿಕೊಂಡು ಬಂದರು. ಎಡಗೈಗೂ ಬೆನ್ನಿಗೂ ಏನು ಸಂಬಂಧ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇನ್ನು ಅತ್ತೆ? ಪಟ್ಟಿ ನೋಡಿದರು, ನನ್ನ ಮುಖ ನೋಡಿದರು, ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ಹೋದರು. ಕುಟ್ಟಿದ್ದು ಅವರೇ, ನಾದಿದ್ದು ಅವರೇ, ಕರಿದದ್ದೂ ಅವರೇ. ನಾನು ಸೋಫಾದಲ್ಲಿ ಒರಗಿಕೊಂಡು ಟಿವಿ ನೋಡುತ್ತ ನನ್ನ ಶಪಥದ ವಿಜಯೋತ್ಸವ ಆಚರಿಸಿದೆ.

ಸಂಭಾಜಿನಗರಕ್ಕೆ ರೈಲಿನಲ್ಲಿ ಹೊರಟೆವು. ಅಲ್ಲಿಯೂ ಪಟ್ಟಿಯ ಮಹಿಮೆ! ಕಿಟಕಿ ಪಕ್ಕದ ಸೀಟು ತಾನಾಗಿ ಖಾಲಿಯಾಯಿತು. ಮನ್ಮಾಡಿನಲ್ಲಿ ಹತ್ತಿದ ಒಬ್ಬಾಕೆ ಬಾಳೆಹಣ್ಣು ಸುಲಿದು ನನ್ನ ಕೈಗಿಟ್ಟು, “ಕಾಳಜಿ ಘ್ಯಾ ಹೋ ತಾಯಿ” ಎಂದಳು. ಪತಿರಾಯರು ಅನಾರಸೆಯ ಡಬ್ಬಿಯನ್ನೂ ಎರಡು ಬ್ಯಾಗುಗಳನ್ನೂ ಹೊತ್ತು ನನ್ನ ಹಿಂದೆ ಪಲ್ಲಕ್ಕಿಯ ಭೋಯಿಯಂತೆ ಬಂದರು. ಅತ್ತೆಯೂ ತಮ್ಮ ಚೀಲ ತಾವೇ ಹೊತ್ತು ಬಂದರು. ಅದನ್ನು ನಾನು ಅಷ್ಟಾಗಿ ಗಮನಿಸಲಿಲ್ಲ.

ನಾದಿನಿಯ ಮನೆ ತುಂಬಾ ಜನ. ಮಣೆಯ ಮೇಲೆ ರೇಶ್ಮೆ ಮಡಿಯುಟ್ಟು, ಹಣೆಗೆ ಕುಂಕುಮ ಹಚ್ಚಿಸಿಕೊಂಡು ರಘುನಂದನ ನಾರಾಯಣನಾಗಿ ಕುಳಿತಿದ್ದ. ಮಾಮೂಲಿ ದಿನಗಳಲ್ಲಿ ಆತ ಮೋಟಾರು ಬಿಡಿಭಾಗಗಳ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಭಾನುವಾರಗಳಂದು ಮಾತ್ರ ಧನ್ವಂತರಿ! ಎಲ್ಲೋ ಒಂದು ಶಿಬಿರಕ್ಕೆ ಹೋಗಿ ಒತ್ತಿ ನೋವು ಓಡಿಸುವ ವಿದ್ಯೆ ಕಲಿತು ಬಂದಿದ್ದ. ಅಂದಿನಿಂದ ಅವರ ಅಪಾರ್ಟ್‌ಮೆಂಟಿನವರು ನೋವಿದ್ದರೂ ಆತನ ಎದುರು ಕುಂಟುವುದನ್ನು ಬಿಟ್ಟಿದ್ದರು.

ಆರತಿಯಾಯಿತು, ಅನಾರಸೆಯ ತಟ್ಟೆ ಕೊಟ್ಟಾಯಿತು. ನಾರಾಯಣನ ದೃಷ್ಟಿ ನನ್ನ ಪಟ್ಟಿಯ ಮೇಲೆ ಬಿತ್ತು.

“ವೈನಿ, ಕೈ ತರ್ರಿ ಇಲ್ಲೆ. ಎರಡ ನಿಮಿಷದ ಕೆಲಸ.”

ಕೈಯನ್ನು ಬೆನ್ನ ಹಿಂದೆ ಸರಿಸಿದೆ. “ಬ್ಯಾಡ್ರಿ, ಡಾಕ್ಟ್ರು ಬಿಚ್ಚಬಾರದು ಅಂದಾರ.”

“ವೈನಿ, ಇವತ್ತ ನಾರಾಯಣ ತಾನಾಗೇ ಕೈ ಕೇಳ್ಲಿಕ್ಕತ್ತಾನ, ಇಲ್ಲ ಅನ್ನಬಾರದು!” ಎಂದಳು ಮೃಣಾಲಿನಿ. ಬೇರೆ ಯಾವ ದಿನವಾದರೂ ಆತನಿಂದ ತಪ್ಪಿಸಿಕೊಳ್ಳಬಹುದಿತ್ತು. ಅಧಿಕ ಮಾಸದಲ್ಲಿ, ಮಣೆಯ ಮೇಲೆ ಕೂತ ಅಳಿಯನಿಗೆ ಇಲ್ಲ ಎನ್ನುವುದು ಹೇಗೆ? ನನ್ನ ಗಂಡನೇ ನನ್ನನ್ನು ಹಿಡಿದು ಮುಂದೆ ಕೂರಿಸಿದರು.

ರಘುನಂದನ ಭುಜ ಒತ್ತಿದ. “ಅಯ್ಯಯ್ಯೋ!” ಕುತ್ತಿಗೆಯ ಹಿಂದೆ ಒತ್ತಿದ. “ಸತ್ತೆ!” ಮೊಣಕೈಯ ಪಕ್ಕ ಒತ್ತಿದ. ಓಣಿಯ ಕೊನೆಯವರೆಗೂ ಕೇಳುವಂತೆ ಚೀರಿದೆ. ಸುಳ್ಳಲ್ಲ, ಅಭಿನಯವಲ್ಲ! ನನ್ನ ನೋವಿನ ಖಾಸಾ ಜಾಗಗಳನ್ನು ಒಂದೊಂದಾಗಿ ಹುಡುಕಿ ಒತ್ತಿದ ಮೊದಲ ಸಂಬಂಧಿಕ ಆತ.

“ನೋಡ್ರಿ, ಕೈ ಬ್ಯಾನಿ ಕುತ್ತಿಗಿತನಾ ಏರೇದ!” ಎಂದು ಸಭೆಗೆ ವಿವರಿಸುತ್ತ ಸರಸರನೆ ಪಟ್ಟಿ ಬಿಚ್ಚಿದ.

ಒಳಗಿನಿಂದ ಹೊರಬಂತು ನನ್ನ ಎಡಗೈ. ಸುಂದರ, ನುಣುಪು, ಬಳೆಗಳ ಸಮೇತ! ಬಾವಿಲ್ಲ, ಕಂದಿಲ್ಲ. ಮುಗಿಯಿತು ನನ್ನ ಕಥೆ, ಇನ್ನು ಉಳಿದ ಆಯುಷ್ಯವನ್ನು ಈ ಮನೆತನದಲ್ಲಿ ಸುಳ್ಳಿ ಎಂಬ ಬಿರುದು ಹೊತ್ತು ಕಳೆಯಬೇಕು ಎಂದು ಕಣ್ಣು ಮುಚ್ಚಿದೆ.

“ಬೆರಳು ಆಡಸ್ರಿ ವೈನಿ!”

ಆಡಿಸಿದೆ. ಇನ್ನೇನು ಮಾಡಲಿ?

“ಹೋತು!” ಎಂದು ರಘುನಂದನ ಎರಡೂ ಕೈ ಮೇಲೆತ್ತಿದ. “ಕ್ರ್ಯಾಕ್ ಕೂಡೇದ! ಬಾವು ಇಳದದ!”

ಚಪ್ಪಾಳೆ! ಯಾರೋ ನಾರಾಯಣನ ಕಾಲಿಗೆ ಬಿದ್ದರು. ಯಾರೋ ತಮ್ಮ ಮೊಣಕಾಲು ತೋರಿಸಲು ಸಾಲು ಹಚ್ಚಿದರು. ಪತಿರಾಯರು ನನ್ನ ಕೈಯನ್ನು ತಿರುವಿ ಮುರುವಿ ತಪಾಸಣೆ ಮಾಡಿ, “ಓಕೆ!” ಎಂದು ಮುದ್ರೆ ಒತ್ತಿದರು. ಅಷ್ಟಕ್ಕೇ ನಿಲ್ಲಿಸಬಾರದೇ? “ಆ ಫೈಬ್ರೊ ಅಂತ ಒಂದಿತ್ತಲ್ಲ, ಅದೂ ಇದರ ಜೋಡಿನ ಹೋಗಿರಬೇಕು!” ಎಂದರು.

“ಹೋಗೇ ಹೋಗ್ತದ” ಎಂದ ನಾರಾಯಣ.

ಕೈ ಮುರಿದಿರಲೇ ಇಲ್ಲ ಎಂದರೆ ಸುಳ್ಳಿಯಾಗುತ್ತೇನೆ, ಸುಮ್ಮನಿದ್ದರೆ ಗುಣವಾದವಳಾಗುತ್ತೇನೆ! ಟೇಬಲ್ಲಿನ ಮೇಲೆ ಅತ್ತು ಸಂಪಾದಿಸಿದ, ಡಾಕ್ಟರಮ್ಮನಿಂದ ಹೆಸರು ಪಡೆದ ನನ್ನ ಸ್ವಂತ ಕಾಯಿಲೆಯನ್ನು ಹೀಗೆ ಹಾಡಹಗಲೇ ಕಳೆದುಕೊಂಡೆ. ಇನ್ನು ಮೇಲೆ ಈ ಜನ್ಮದಲ್ಲಿ ನನಗೆ ನೋಯುತ್ತದೆ ಎಂದರೆ ಇವರಲ್ಲಿ ಯಾರು ನಂಬುತ್ತಾರೆ? ನಿಜವಾಗಿ ಅಳು ಬಂತು. ಅದನ್ನೂ ಆನಂದಬಾಷ್ಪ ಎಂದು ತಿಳಿದರು.

“ವೈನಿ, ಹ್ಯಾಂಗೂ ಆರಾಮ ಆತಲ್ಲ, ಕೋಸಂಬರಿಗೆ ಒಂದಿಷ್ಟು ಸೌತಿಕಾಯಿ ಹೆಚ್ಚಿ ಬಿಡ್ರಿ” ಎಂದಳು ಮೃಣಾಲಿನಿ. ಒಂದಿಷ್ಟು ಎಂದರೆ ಒಂದು ಬುಟ್ಟಿ.

ಒತ್ತಿಸಿಕೊಂಡ ಜಾಗಗಳೆಲ್ಲ ಉರಿಯುತ್ತಿದ್ದವು. ಅಡುಗೆಮನೆಯಲ್ಲಿ ಒಬ್ಬಳೇ ಕೂತು ಹೆಚ್ಚತೊಡಗಿದೆ. ಅಷ್ಟರಲ್ಲಿ ಅತ್ತೆ ಒಳಗೆ ಬಂದು ಬಾಗಿಲು ಹಾಕಿದರು. ಬಂತು ಮಂಗಳಾರತಿ ಎಂದುಕೊಂಡೆ. ಅವರು ಗೋಡೆ ಹಿಡಿದು ಮೆಲ್ಲಗೆ ಸ್ಟೂಲಿನ ಮೇಲೆ ಕೂತರು.

“ಕೈಗೆ ಏನೂ ಆಗಿಲ್ಲ ಅಂತ ನನಗ ಅವತ್ತ ಗೊತ್ತಿತ್ತು. ಕೈ ಮುರದವರು ಅಷ್ಟು ಚಂದ ಜಡಿ ಹಾಕ್ಕೊಳ್ಳೂದಿಲ್ಲ.”

ನನ್ನ ಚಾಕು ನಿಂತಿತು.

“ಮುಂಜಾನೆ ಏಳಾಗ ಮೈಯೆಲ್ಲಾ ಯಾರೋ ಬಡದಂಗ ಆಗ್ತದೇನು?” ಎಂದರು.

“ಹೌದ್ರಿ.”

“ಸೀರಿ ನಿರಿಗಿ ಸೊಂಟಕ್ಕ ಒತ್ತಿದ್ರೂ ಬ್ಯಾನಿ? ಹೇಳಬೇಕು ಅಂದಿದ್ದ ಮಾತು ಬಾಯಿತನಾ ಬಂದು ಮರ್ತ ಹೋಗ್ತದ?”

“ಹೌದ್ರಿ ಅತ್ಯಾ! ನಿಮಗ ಯಾರು ಹೇಳಿದ್ರು? ಮೈತ್ರೇಯಿ ಹೇಳಿದ್ಲೇನು?”

“ಯಾರು ಯಾಕ ಹೇಳಬೇಕು? ಮಧು ಹುಟ್ಟಿದಾಗಿಂದ ನನಗದ ಇದು. ನಿಮ್ಮ ಮಾವನವರಿಗೆ ಒಮ್ಮೆ ಹೇಳಿದ್ದೆ. ಕಷಾಯ ಕುಡಿ ಅಂದ್ರು. ಮುಂದ ಯಾರಿಗೂ ಹೇಳಲಿಲ್ಲ.”

ನೆಲ ಬಿರಿದು ನನ್ನನ್ನು ಸೌತೆಕಾಯಿಯ ಬುಟ್ಟಿ ಸಮೇತ ನುಂಗಬಾರದೇ ಅನ್ನಿಸಿತು! ಆ ಅಕ್ಕಿ ಕುಟ್ಟಿದ ಕೈ, ಆ ಹಿಟ್ಟು ನಾದಿದ ಭುಜ! ನಾನು ಟಿವಿ ನೋಡುತ್ತಿದ್ದೆ. ನನ್ನ ನೋವನ್ನು ಯಾರೂ ನಂಬುವುದಿಲ್ಲವೆಂದು ಊರ ಮುಂದೆ ಅತ್ತ ನಾನು, ಅದೇ ಮನೆಯಲ್ಲಿದ್ದ ಇವರಿಗೆ ‘ನಿಮಗೆ ಹೇಗಿದೆ’ ಎಂದು ಒಂದು ದಿನವೂ ಕೇಳಿರಲಿಲ್ಲ.

“ಅತ್ಯಾ, ಮುಂದಿನ ವಾರ ನಿಮ್ಮನ್ನ ನಮ್ಮ ಡಾಕ್ಟ್ರ ಕಡೆ ಕರಕೊಂಡ ಹೋಗ್ತೀನ್ರಿ” ಎಂದೆ.

“ಹೋಗೂಣಂತ, ಅದು ಮುಂದಿನ ವಾರದ ಮಾತು. ಈಗ ಹೊರಗ ಹೋಳಿಗಿ ಲಟ್ಟಸ್ಲಿಕ್ಕೆ ನನ್ನ ಹುಡಕ್ಲಿಕ್ಕತ್ತಾರ” ಎನ್ನುತ್ತ ಅತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ, ನನ್ನ ಕೈಯಿಂದ ಬಿಚ್ಚಿದ್ದ ಬ್ಯಾಂಡೇಜನ್ನು ಹೊರತೆಗೆದರು. “ಲಗೂನ ಸುತ್ತು.”

ನಾನು ಭಕ್ತಿಯಿಂದ ಅವರ ಎಡಗೈ ಹಿಡಿದುಕೊಂಡೆ. ಅತ್ತೆ ಅದನ್ನು ಕೊಸರಿಕೊಂಡು ಬಲಗೈ ಚಾಚಿದರು.

“ಇದಕ್ಕ ಸುತ್ತು. ಇಷ್ಟ ಓದಿ ಬ್ಯಾಂಕಿನಾಗ ಆಫೀಸರ್ ಆಗಿ, ದುಡಿಯೋ ಕೈ ಬಿಟ್ಟು ಯಾರರ ಎಡಗೈ ಮುರಕೋತಾರೇನ ಹುಚ್ಚಿ?”