ತೌನೊ ಪ್ರವಾಸದಲ್ಲಿದ್ದಾನೆ

ಫಿನ್ನಿಶ್ ನಾಡಿನ ಕೆರವ ಊರಿನಲ್ಲಿ ಈ ಕತೆ ಹೇಳುವವರು ಪತ್ರಿಕೆಯ ಒಂದು ಸಾಲನ್ನು ಹೇಳಿಯೇ ಮುಂದಕ್ಕೆ ಹೋಗುತ್ತಾರೆ. ಆ ಕ್ರಮವನ್ನು ಇಲ್ಲಿಯೂ ಮುರಿದಿಲ್ಲ. ಜೂನ್ ತಿಂಗಳ ಒಂದು ಗುರುವಾರ, ಊರಿನ ವಾರಪತ್ರಿಕೆಯ ಆರನೆಯ ಪುಟದಲ್ಲಿ, ಕಳೆದುಹೋದ ಬೆಕ್ಕಿಗೂ ಮಾರಾಟಕ್ಕಿರುವ ದೋಣಿಗೂ ನಡುವೆ ಹೀಗೆ ಅಚ್ಚಾಗಿತ್ತು: ‘ನನ್ನ ಎಪ್ಪತ್ತನೆಯ ಹುಟ್ಟುಹಬ್ಬದಂದು ನಾನು ಪ್ರವಾಸದಲ್ಲಿರುತ್ತೇನೆ. ತೌನೊ ಕೀಸ್ಕಿಲ.’

ಆ ಊರಿನಲ್ಲಿ ಐವತ್ತು, ಅರವತ್ತು, ಎಪ್ಪತ್ತು ತುಂಬಿದವರ ಮನೆಗೆ ಆ ದಿನ ಯಾರು ಬೇಕಾದರೂ ಕರೆಯದೆಯೇ ಬರಬಹುದು. ಬಂದವರಿಗೆಲ್ಲ ಕಾಫಿ, ಕೇಕು ಕೊಡಬೇಕು. ಅದು ಬೇಡವೆನ್ನುವವರು ಪ್ರವಾಸದಲ್ಲಿದ್ದೇನೆಂದು ಪತ್ರಿಕೆಯಲ್ಲಿ ಹಾಕಿಸಿ, ಪರದೆ ಎಳೆದು, ಮನೆಯೊಳಗೇ ಕೂತಿರುತ್ತಾರೆ. ಹಾಗೆ ಕೂತಿದ್ದಾರೆಂಬುದು ಊರಿಗೆಲ್ಲ ಗೊತ್ತಿರುತ್ತದೆ. ಗೊತ್ತಿದೆಯೆಂದು ಮಾತ್ರ ಯಾರೂ ಹೇಳುವುದಿಲ್ಲ.

ತೌನೊ ಮೂವತ್ತೆಂಟು ವರ್ಷ ಆ ಊರಿನ ನೀರಿನ ಮೀಟರುಗಳನ್ನು ಓದಿದವನು. ಊರಿನ ಪ್ರತಿಯೊಂದು ನೆಲಮಾಳಿಗೆಯೂ ಅವನಿಗೆ ಪರಿಚಿತ. ನಡುಮನೆ ಮಾತ್ರ ಒಂದನ್ನೂ ಕಂಡವನಲ್ಲ. ಅರವತ್ತು ತುಂಬಿದಾಗ ಅವನು ಬಾಗಿಲು ತೆರೆದಿಟ್ಟು ನಲವತ್ತು ಜನಕ್ಕೆ ಕಾಫಿ ಕಾಸಿದ್ದ. ಬಂದವರು ಇಬ್ಬರು. ಒಬ್ಬರು ತಮ್ಮ ನಲ್ಲಿ ಸೋರುತ್ತಿದೆಯೆಂದು ಹೇಳಲು ಬಂದರು. ಇನ್ನೊಬ್ಬರು ಮಹಡಿ ತಪ್ಪಿ ಬಂದರು. ಹದಿನೈದು ದಿನ ಮೂರು ಹೊತ್ತೂ ಕೇಕು ತಿಂದ ಆ ನೆನಪೇ ಈ ಸಲದ ಪ್ರಕಟಣೆಗೆ ಕಾರಣ. ಯಾರೂ ಬರದಿರುವುದಕ್ಕಿಂತ, ಬರಬೇಡಿರೆಂದು ತಾನೇ ಹೇಳಿಬಿಡುವುದರಲ್ಲಿ ಒಂದಿಷ್ಟು ಮರ್ಯಾದೆ ಉಳಿಯುತ್ತದೆಂದು ಅವನ ಲೆಕ್ಕಾಚಾರ.

ಲೆಕ್ಕಾಚಾರ ಕೆಡಿಸಿದವಳು ಕೆಳಮನೆಯ ಲೆಂಪಿ. ಮೆಟ್ಟಿಲಮೇಲೆ ಯಾರು ಹತ್ತಿದರು, ಯಾರು ಇಳಿದರು ಎಂಬುದನ್ನು ಹೆಜ್ಜೆಯ ಸದ್ದಿನಿಂದಲೇ ಹೇಳಬಲ್ಲ ವಿಧವೆ ಆಕೆ. ಹುಟ್ಟುಹಬ್ಬದ ಹಿಂದಿನ ದಿನವೇ ಅವನನ್ನು ತಡೆದು ನಿಲ್ಲಿಸಿದಳು.

“ಓದಿದೆ, ಓದಿದೆ! ಎಲ್ಲಿಗೆ ಸವಾರಿ?”

ಇಂಥ ಪ್ರಶ್ನೆಯನ್ನು ಯಾರೂ ಕೇಳಕೂಡದು. “ಟಾಲಿನ್,” ಎಂದ ತೌನೊ, ಬಾಯಿಗೆ ಬಂದ ಮೊದಲ ಹೆಸರು.

“ಅಯ್ಯೋ, ಸಮುದ್ರ ದಾಟಿ! ಒಬ್ರೇನಾ? ಅಲ್ಲಿ ಯಾರಿದ್ದಾರೆ?”

“ಸ್ನೇಹಿತರು. ಇಬ್ರು.”

“ನಿಮಗೆ ಸ್ನೇಹಿತರಾ!” ಎಂದು ಲೆಂಪಿ ನಿಜವಾಗಿಯೇ ಸಂತೋಷಪಟ್ಟಳು. “ಆ ಜೆರೇನಿಯಂ ಕುಂಡ ನನ್ನ ಹತ್ರ ಬಿಡಿ, ನೀರು ಹಾಕ್ತೀನಿ. ಬೆಳಿಗ್ಗೆ ಐದೂವರೆಗೆ ಬಂದು ಬಾಗಿಲು ತಟ್ತೀನಿ, ಎದ್ದಿರಿ. ರೇಡಿಯೊ ಹಾಕೇ ಹೋಗಿ. ಒಳಗೆ ಮಾತು ಕೇಳಿಸ್ತಿದ್ರೆ ಕಳ್ಳರು ಬರಲ್ಲ.”

ಹೀಗೆ ತೌನೊ ಕೀಸ್ಕಿಲ, ಎಪ್ಪತ್ತು ತುಂಬಿದ ಬೆಳಿಗ್ಗೆ, ಬೇಡದ ಪ್ರವಾಸಕ್ಕೆ ಹೊರಟ. ಲೆಂಪಿ ರೈಲು ನಿಲ್ದಾಣದವರೆಗೂ ಬಂದಳು. ರೈಲು ಚಲಿಸುವವರೆಗೂ, ಅವನು ಹಿಂದಿನ ಬಾಗಿಲಿನಿಂದ ಇಳಿದುಬಿಟ್ಟಾನೆಂಬ ಅನುಮಾನವಿರುವವಳಂತೆ, ಕಿಟಕಿಯೆದುರು ನಿಂತಿದ್ದಳು. ಅವನ ಚೀಲದಲ್ಲಿ ಕಾಫಿಯ ಫ್ಲಾಸ್ಕು, ಎರಡು ಲೋಟ, ಏಲಕ್ಕಿ ಬನ್ನು ಎರಡು. ಎರಡೇಕೆಂದು ಅವನು ತನಗೇ ಹೇಳಿಕೊಳ್ಳಲಿಲ್ಲ. ಆದರೆ ರೈಲಿಳಿದು ಹತ್ತಿದ ಹಡಗು ದಡ ಬಿಟ್ಟಾಗ ಅವನ ಆಸೆ ಅವನಿಗೇ ಸ್ಪಷ್ಟವಾಯಿತು: ಈ ದಿನ ಮುಗಿಯುವುದರೊಳಗೆ, ಇದು ಯಾವ ದಿನವೆಂದು ಬಲ್ಲ ಒಬ್ಬ ಮನುಷ್ಯನ ಎದುರಿಗೆ ಕೂತು ಒಂದು ಲೋಟ ಕಾಫಿ ಕುಡಿಯಬೇಕು. ಅಷ್ಟೇ.

ನಡುಗಡಲಿನಲ್ಲಿ ಟಾಲಿನ್ ಕಡೆಯಿಂದ ಬರುವ ಹಡಗು ಎದುರಾಯಿತು. ಎರಡೂ ಕಡೆಯವರು ಕೈ ಬೀಸಿದರು; ಗುರುತಿಲ್ಲದವರಿಗೆ ಹಾಗೆ ಕೈ ಬೀಸುವುದು ಆ ಜನರು ನೀರಿನಮೇಲೆ ಮಾತ್ರ ಮಾಡುವ ಧಾರಾಳ. ತೌನೊನೂ ಬೀಸಿದ. ಆಚೆಯ ಹಡಗಿನ ಕಟಕಟೆಯಲ್ಲಿ ಒಂಟಿಯಾಗಿ ನಿಂತಿದ್ದ ಒಂದು ನೀಲಿ ಟೋಪಿ ತಿರುಗಿ ಕೈ ಬೀಸಿತು. ದಿನ ಚೆನ್ನಾಗಿ ಶುರುವಾಯಿತೆಂದು ಅವನಿಗೆನಿಸಿತು.

ಟಾಲಿನ್ನಿನಲ್ಲಿ ಪ್ರವಾಸಿಯಾದವನು ಏನನ್ನಾದರೂ ನೋಡಲೇಬೇಕಲ್ಲ ಎಂದು ಅವನು ಹಳೆಯ ಕೋಟೆಯ ಗೋಡೆ ಹತ್ತಿದ. ಅಲ್ಲಿ ಗಂಡಹೆಂಡಿರಿಬ್ಬರು ಕ್ಯಾಮೆರಾ ಕೊಟ್ಟು ಫೋಟೊ ತೆಗೆಯಲು ಕೇಳಿದರು. ತೆಗೆದ. ಅದನ್ನು ಕಂಡು ಇನ್ನೊಂದು ಕುಟುಂಬ ಬಂತು. ಆಮೇಲೆ ಒಂದು ಹಾಡುವ ಮೇಳ. ಆಮೇಲೆ ನಿವೃತ್ತ ದಾದಿಯರ ತಂಡ. ಒಂಟಿ ಮನುಷ್ಯನೆಂದರೆ ಕ್ಯಾಮೆರಾ ಹಿಡಿಯುವುದಕ್ಕೆಂದೇ ನೆಟ್ಟ ಕಂಬವೆಂದು ಎಲ್ಲರೂ ಒಪ್ಪಿಕೊಂಡಂತಿತ್ತು. ಮುಕ್ಕಾಲು ಗಂಟೆಯಲ್ಲಿ ತೌನೊ ಅರವತ್ತೊಂದು ಜನರನ್ನು ನಗಿಸಿದ. ನೀವೂ ಬನ್ನಿ ಎಂದು ಒಬ್ಬರೂ ಅನ್ನಲಿಲ್ಲ.

ಮೊದಲ ಸ್ನೇಹಿತ ಹೆಲ್ದುರ್. ಆ ಊರಿನ ನೀರಿನ ಇಲಾಖೆಯವನು. ಒಂಬತ್ತು ವರ್ಷದ ಹಿಂದೆ ಕೆರವಕ್ಕೆ ಬಂದಿದ್ದಾಗ ತೌನೊನ ಭುಜ ತಟ್ಟಿ, ನಮ್ಮೂರಿಗೆ ಬಂದರೆ ನನ್ನ ಮನೆ ನಿನ್ನದೇ ಎಂದಿದ್ದ. ಬಾಗಿಲು ತೆರೆದವನ ಕೈ ಮೊಣಕೈವರೆಗೂ ಒದ್ದೆಯಾಗಿತ್ತು.

“ತೌನೊ! ದೇವರೇ ಕಳಿಸಿದ ಹಾಗೆ ಬಂದೆ ಕಣಯ್ಯ! ಬಾ, ಬಾ, ಇಳಿ ಕೆಳಗೆ!”

ಕೆಳಗೆಂದರೆ ನೆಲಮಾಳಿಗೆ. ಅಲ್ಲಿ ಮೀಟರಿನ ಬುಡದಲ್ಲಿ ನೀರು ಚಿಮ್ಮುತ್ತಿತ್ತು.

“ನಾನು ಸುಮ್ನೆ ಹೀಗೇ... ಇವತ್ತು...” ಎಂದ ತೌನೊ.

“ಇವತ್ತೇ ಒಡೀಬೇಕಿತ್ತಾ ಇದು! ಹೆಬ್ಬೆರಳು ಇಲ್ಲಿ ಒತ್ತಿಡು. ಬಿಡಬೇಡ, ಬಂದೆ.”

ಹೆಲ್ದುರ್ ವಾಷರು ತರಲು ಹೋದವನು ಒಂದೂಕಾಲು ಗಂಟೆ ಬಿಟ್ಟು ಬಂದ. ಅಷ್ಟು ಹೊತ್ತೂ ತೌನೊ ಮಂಡಿಯೂರಿ ಕೂತು, ತಲೆಯಮೇಲೆ ನಡುಮನೆಯಲ್ಲಿ ಯಾರೋ ಓಡಾಡುವ, ಬಟ್ಟಲು ಇಡುವ ಸದ್ದನ್ನು ಕೇಳಿದ. ಕೆಲಸ ಮುಗಿದಾಗ ಹೆಲ್ದುರ್ ಕೈ ಒರೆಸಿಕೊಳ್ಳುತ್ತ, “ನೀನು ಮೊದಲೇ ಹೇಳಿದ್ರೆ ನನ್ನವಳು ಏನಾದ್ರೂ ಬೇಯಿಸಿರ್ತಿದ್ಲು. ಈಗ ಅವಳ ಅಕ್ಕನ ಮನೆಗೆ ಹೊರಟಿದ್ದೀವಿ. ಇನ್ನೊಂದ್ಸಲ ಬಾ, ಆರಾಮಾಗಿ ಕೂರೋಣ,” ಎಂದ. ಏಕೆ ಬಂದೆಯೆಂದು ಅವನು ಕೇಳಲಿಲ್ಲ. ಕೇಳದಿದ್ದಮೇಲೆ ತೌನೊ ಹೇಳುವುದಾದರೂ ಹೇಗೆ?

ಉಳಿದವನು ವೆರ್ನೆರಿ. ಸ್ನೇಹಿತನೆಂದರೆ ಅವನೇ. ಮೂವತ್ತು ವರ್ಷ ಕೆರವದ ಬೀದಿಗಳ ಎಡಬದಿಯ ಮೀಟರುಗಳು ತೌನೊನವು, ಬಲಬದಿಯವು ವೆರ್ನೆರಿಯವು. ಮಧ್ಯಾಹ್ನ ಇಬ್ಬರೂ ಒಂದೇ ಬೆಂಚಿನಮೇಲೆ ಕೂತು, ತಂತಮ್ಮ ಫ್ಲಾಸ್ಕಿನಿಂದ ಕಾಫಿ ಕುಡಿದು, ನಾಲ್ಕೈದು ಮಾತಾಡಿ ಏಳುತ್ತಿದ್ದರು. ವೆರ್ನೆರಿ ಟಾಲಿನ್ನಿನ ಒಬ್ಬ ದರ್ಜಿಯನ್ನು ಮದುವೆಯಾಗಿ ಇತ್ತ ಬಂದ. ಆಕೆ ತೀರಿಕೊಂಡಮೇಲೂ, ಇನ್ನು ವಾಪಸು ಬರುವುದಿಲ್ಲವೆಂದು ಊರಲ್ಲಿ ಹೇಳಿಬಿಟ್ಟಿದ್ದರಿಂದ, ಇಲ್ಲೇ ಉಳಿದ. ಹಳೆಯ ಊರಿನ ಪತ್ರಿಕೆಯನ್ನು ಮಾತ್ರ ಅಂಚೆಯಲ್ಲಿ ತರಿಸುತ್ತಿದ್ದ.

ಮರದ ಮನೆಯ ಎರಡನೆಯ ಮಹಡಿಯಲ್ಲಿ, ವೆರ್ನೆರಿಯ ಬಾಗಿಲಿನಮೇಲೆ ಒಂದು ಚೀಟಿ ಅಂಟಿಸಿತ್ತು. ತಮ್ಮೂರಿನ ಫಿನ್ನಿಶ್ ಭಾಷೆಯಲ್ಲಿ, ಎರಡೇ ಪದ: ‘ಪ್ರವಾಸದಲ್ಲಿದ್ದೇನೆ. ವೆರ್ನೆರಿ.’

ಒಳಗೆ ರೇಡಿಯೊ ಮಾತಾಡುತ್ತಿತ್ತು.

ತೌನೊ ಚೀಟಿಯನ್ನು ಮೂರು ಸಲ ಓದಿದ. ಈ ಮನೆಯಲ್ಲಿ ಎಲ್ಲರೂ ಈ ಊರಿನ ಭಾಷೆಯವರು. ಚೀಟಿ ಫಿನ್ನಿಶ್ ಭಾಷೆಯಲ್ಲಿದೆ. ಅಂದರೆ ಇದು ಒಬ್ಬನಿಗಾಗಿಯೇ ಬರೆದದ್ದು. ವೆರ್ನೆರಿ ಪತ್ರಿಕೆ ನೋಡಿದ್ದಾನೆ, ತೌನೊ ಪ್ರವಾಸವೆಂದರೆ ಇಲ್ಲಿಗಲ್ಲದೆ ಇನ್ನೆಲ್ಲಿಗೆ ಬಂದಾನು ಎಂದು ಹೆದರಿದ್ದಾನೆ, ಒಳಗೆ ಸೇರಿಕೊಂಡು ಚೀಟಿ ಅಂಟಿಸಿದ್ದಾನೆ. ವೆರ್ನೆರಿ ಹನ್ನೊಂದು ವರ್ಷವಾದರೂ ಆ ಊರಿನ ಭಾಷೆಯ ಒಂದು ಪದವನ್ನೂ ಕಲಿತಿಲ್ಲವೆಂಬ ಸಂಗತಿ ತೌನೊನಿಗೆ ತಿಳಿದಿರಲಿಲ್ಲ.

ಬಾಗಿಲು ತಟ್ಟಲು ಎತ್ತಿದ ಕೈಯನ್ನು ಅವನು ಇಳಿಸಿದ. ಪ್ರವಾಸದಲ್ಲಿರುವವನ ಬಾಗಿಲನ್ನು ತಟ್ಟುವುದು ಅಸಭ್ಯತೆ. ಹೊರಟುಹೋಗಲು ಕಾಲು ಬರಲಿಲ್ಲ. ಮೆಟ್ಟಿಲಮೇಲೆ ಕೂತು, ಫ್ಲಾಸ್ಕು ತೆರೆದು ಎರಡು ಲೋಟಕ್ಕೂ ಕಾಫಿ ಬಗ್ಗಿಸಿ, ಒಂದನ್ನು ಬಾಗಿಲ ಮುಂದಿಟ್ಟ.

“ನೀನು ತೆಗೀಬೇಡ,” ಎಂದ ಬಾಗಿಲಿಗೆ. “ನಾನು ಇಲ್ಲೇ ಕೂತು ಹೋಗ್ತೀನಿ. ಎಪ್ಪತ್ತಾಯ್ತು ಕಣೋ ಇವತ್ತು. ನಿನಗೆ ಗೊತ್ತಲ್ಲ.”

ರೇಡಿಯೊದಲ್ಲಿ ಹವಾಮಾನ ವರದಿ ಬರುತ್ತಿತ್ತು.

“ಆ ಬೆಂಚು ತೆಗೆದುಬಿಟ್ರು. ಹೇಳೋಣ ಅಂತ ಇದ್ದೆ. ಅಲ್ಲಿ ಈಗ ಸೈಕಲ್ ನಿಲ್ಲಿಸ್ತಾರೆ. ನೀನು ಹೋದ್ಮೇಲೆ ಬಲಬದಿ ಮೀಟರೂ ನನಗೇ ಕೊಟ್ಟಿದ್ರು. ಎಡದಿಂದ ಬಲಕ್ಕೆ ದಾಟೋವಾಗೆಲ್ಲ, ನೀನು ಎದುರಿಗೆ ಬರ್ತೀಯೇನೋ ಅಂತ ನೋಡ್ತಿದ್ದೆ. ಪೆದ್ದು ನಾನು.” ಮೂವತ್ತು ವರ್ಷದ ಬೆಂಚಿನಮೇಲೆ ಆಡಿದ್ದಕ್ಕಿಂತ ಹೆಚ್ಚು ಮಾತನ್ನು ಅವನು ಆ ಅರ್ಧ ಗಂಟೆಯಲ್ಲಿ ಆಡಿದ.

ಎದುರುಬಾಗಿಲು ತೆರೆದು ಸಾಲ್ಮೆ ಎಂಬ ಮುದುಕಿ ಇಣುಕಿದಳು. ಸಮುದ್ರದಾಚೆಯ ಟಿವಿ ನೋಡಿ ನೋಡಿ ಅವಳಿಗೆ ತೌನೊನ ಭಾಷೆ ಬರುತ್ತಿತ್ತು.

“ಯಾರ ಹತ್ರ ರೀ ಮಾತು? ಅವರಿಲ್ಲ.”

“ಹೌದೌದು,” ಎಂದು ತೌನೊ ತಿಳಿದವನ ನಗೆ ನಕ್ಕ. “ಪ್ರವಾಸ.”

“ನಗ್ತೀರಲ್ಲ! ನಿಜವಾಗ್ಲೂ ಹೋಗಿದ್ದಾರೆ ಅಂತೀನಿ.”

“ಮತ್ತೆ ರೇಡಿಯೊ?”

“ಅದು ಕಳ್ಳರಿಗೆ!”

“ಹೌದೌದು,” ಎಂದ ತೌನೊ. ತಾನೂ ಅದೇ ದಿನ ಅದೇ ಕೆಲಸ ಮಾಡಿ ಬಂದಿದ್ದರೂ, ಇನ್ನೊಬ್ಬರು ಹಾಗೆ ನಿಜಕ್ಕೂ ಮಾಡಿಯಾರೆಂದು ಅವನಿಗೆ ಹೊಳೆಯಲಿಲ್ಲ.

“ಕಿವಿ ಇದ್ದೂ ಕೇಳದವರಿಗೆ ಏನು ಹೇಳೋದು!” ಎಂದು ಸಾಲ್ಮೆ ಬಾಗಿಲು ಹಾಕಿಕೊಂಡಳು.

ಹಡಗಿನ ಹೊತ್ತಾಯಿತು. ತೌನೊ ತಣ್ಣಗಾದ ಎರಡನೆಯ ಲೋಟವನ್ನೂ ತಾನೇ ಕುಡಿದು, ಒಂದು ಬನ್ನನ್ನು ಹೊಸ್ತಿಲಲ್ಲಿಟ್ಟು, ಚೀಟಿ ಬರೆದು ಬಾಗಿಲ ಸಂದಿಯಲ್ಲಿ ತೂರಿಸಿದ: ‘ನೀನು ಒಳಗಿರುವುದು ಗೊತ್ತು. ಬೇಸರವಿಲ್ಲ. ಇನ್ನು ತೊಂದರೆ ಕೊಡುವುದಿಲ್ಲ. ತೌನೊ.’

ಮರಳುವ ದಾರಿಯಲ್ಲಿ ಎದುರಿನ ಹಡಗು ಬಂದಾಗ ಬೆಳಗಿನ ಆ ನೀಲಿ ಟೋಪಿ ಮತ್ತೆ ಕಟಕಟೆಯಲ್ಲಿತ್ತು. ಈ ಸಲ ಎರಡೂ ಕಡೆಯಿಂದ ಕೈ ಏಳಲಿಲ್ಲ.

ಜೂನ್ ತಿಂಗಳ ಸಂಜೆ ಮುಗಿಯದೆ ಬಿದ್ದಿರುತ್ತದೆ. ತೌನೊ ಮನೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಲೆಂಪಿ ಜೆರೇನಿಯಂ ಕುಂಡವನ್ನು ಸೊಂಟದಮೇಲೆ ಮಗುವಿನಂತೆ ಇಟ್ಟುಕೊಂಡು ಮೆಟ್ಟಿಲಲ್ಲೇ ಕಾದಿದ್ದಳು.

“ಬಂದ್ರಾ! ಇಲ್ಲಿ ಏನಾಯ್ತು ಗೊತ್ತಾ? ಮಧ್ಯಾಹ್ನ ಒಬ್ರು ಬಂದ್ರು. ನೀಲಿ ಟೋಪಿ, ಕೈಯಲ್ಲಿ ಫ್ಲಾಸ್ಕು. ತೌನೊ ಟಾಲಿನ್‌ಗೆ ಹೋಗಿದ್ದಾರೆ, ನಾನೇ ರೈಲು ಹತ್ತಿಸಿದೆ ಅಂದೆ. ‘ಹೌದೌದು’ ಅಂತ ನಗ್ತಾರೆ! ರೇಡಿಯೊ ಕೇಳಿಸ್ತಿದೆಯಲ್ಲ ಅಂತಾರೆ! ನಾಲ್ಕು ಗಂಟೆ ನಿಮ್ಮ ಬಾಗಿಲ ಮುಂದೆ ಕೂತು ಬಾಗಿಲ ಜೊತೆ ಮಾತಾಡಿದ್ರು ಕಣ್ರೀ. ಕೊನೆಗೆ ಕಣ್ಣೊರೆಸ್ಕೊಂಡು ಹೋದ್ರು. ತಲೆ ಸರಿ ಇಲ್ವೇನೋ ಪಾಪ.”

ತೌನೊ ಮೇಲೆ ಓಡಿದ. ಬಾಗಿಲಿನ ಅಂಚೆ ಸಂದಿಯಿಂದ ಒಂದು ಚೀಟಿ ಒಳಗೆ ಬಿದ್ದಿತ್ತು. ‘ನೀನು ಒಳಗಿರುವುದು ಗೊತ್ತು. ಬೇಸರವಿಲ್ಲ. ಇನ್ನು ತೊಂದರೆ ಕೊಡುವುದಿಲ್ಲ. ವೆರ್ನೆರಿ.’ ರೇಡಿಯೊ ಖಾಲಿ ಮನೆಗೆ ಹವಾಮಾನ ಹೇಳುತ್ತಿತ್ತು.

ಕೆಳಗೆ ಲೆಂಪಿಯ ಮನೆಯಲ್ಲಿ ಫೋನಿತ್ತು. ಮೇಜಿನಮೇಲೆ ಕಾಗದ, ಲೇಖನಿ ಎರಡೂ ಇದ್ದವು. ಆದರೆ ಕರೆ ಮಾಡಿದರೂ ಪತ್ರ ಬರೆದರೂ ಬಾ ಎಂದು ಕರೆದಂತಾಗುತ್ತದೆ. ಕರೆದರೆ ವೆರ್ನೆರಿಯ ಮೇಲೆ ಹೊರೆ. ತೊಂದರೆ ಕೊಡುವುದಿಲ್ಲವೆಂದು ಕೈಯಾರೆ ಬರೆದುಕೊಟ್ಟೂ ಆಗಿದೆ. ಪತ್ರಿಕೆಯ ಪ್ರಕಟಣೆಯಾದರೆ ಯಾರನ್ನೂ ಉದ್ದೇಶಿಸಿದ್ದಲ್ಲ. ಮುಂದಿನ ಗುರುವಾರ ಆರನೆಯ ಪುಟದಲ್ಲಿ ಅಚ್ಚಾಯಿತು: ‘ಬರುವ ಭಾನುವಾರ ನಾನು ಮನೆಯಲ್ಲಿರುತ್ತೇನೆ. ಕಾಫಿ ಇರುತ್ತದೆ. ತೌನೊ ಕೀಸ್ಕಿಲ.’

ಅಂಥ ಪ್ರಕಟಣೆಯನ್ನು ಆ ಊರು ಹಿಂದೆಂದೂ ಕಂಡಿರಲಿಲ್ಲ. ಪ್ರಕಟಣೆಗಳನ್ನು ಓದುವ ಬಗೆ ಮಾತ್ರ ಅದಕ್ಕೆ ಚೆನ್ನಾಗಿ ಗೊತ್ತಿತ್ತು. ಪ್ರವಾಸವೆಂದವನು ಮನೆಯಲ್ಲಿರುತ್ತಾನೆ, ಮನೆಯಲ್ಲಿರುತ್ತೇನೆಂದು ಸಾರಿಕೊಂಡವನು ದೂರವೇ ಹೋಗಿರಬೇಕು. ಕಳ್ಳರಿಗೆ ಒಳ್ಳೆಯ ಉಪಾಯ ಹೂಡಿದನೆಂದು ಎಲ್ಲರೂ ಮೆಚ್ಚಿದರು.

ಭಾನುವಾರ ತೌನೊ ಪರದೆ ಸರಿಸಿ, ಮಾತಿಗೆ ಅಡ್ಡಿಯಾಗದಿರಲೆಂದು ರೇಡಿಯೊ ಆರಿಸಿ, ಬೀದಿಯ ಕಡೆಯ ಕೋಣೆಯಲ್ಲಿ ಮೇಜಿಗೆ ಎರಡು ಲೋಟ ಜೋಡಿಸಿದ.

ಅಂಗಳದ ಬಾಗಿಲಲ್ಲಿ, ಕಸ ಗುಡಿಸುತ್ತಿದ್ದ ಲೆಂಪಿ, ಫ್ಲಾಸ್ಕು ಹಿಡಿದು ಬಂದ ನೀಲಿ ಟೋಪಿಯನ್ನು ದೂರದಿಂದಲೇ ಗುರುತಿಸಿದಳು. ಬೆಳಗಿನಿಂದ ಮೆಟ್ಟಿಲಮೇಲೆ ತೌನೊನ ಹೆಜ್ಜೆ ಕೇಳಿಸದ್ದರಿಂದ, ತಾನು ಮಲಗಿದ್ದಾಗಲೇ ಅವನು ಹೋದನೆಂದು ಅವಳ ತೀರ್ಮಾನ. ಈ ಸಲ ಆ ಬಡಪಾಯಿಯನ್ನು ನಾಲ್ಕು ಗಂಟೆ ಕೂರಲು ಬಿಡಬಾರದೆಂದು ಪೊರಕೆ ಅಡ್ಡ ಹಿಡಿದು ನಿಂತಳು.

“ಹತ್ತಬೇಡಿ ಅಜ್ಜಾ, ಅವರಿಲ್ಲ. ಊರು ಬಿಟ್ಟಿದ್ದಾರೆ. ನೋಡಿ, ಮರೆವಲ್ಲಿ ರೇಡಿಯೊ ಕೂಡ ಹಾಕಿ ಹೋಗಿಲ್ಲ. ಹೋದ ಸಲ ನನ್ನ ಮಾತು ನಂಬದೆ ಎಷ್ಟು ಕಷ್ಟಪಟ್ರಿ! ಈ ಸಲನಾದ್ರೂ ನಂಬಿ.”

ವೆರ್ನೆರಿ ತಲೆಯೆತ್ತಿ ಕಿವಿಗೊಟ್ಟ. ಮೇಲಿನಿಂದ ಒಂದು ಸದ್ದೂ ಇಲ್ಲ. ಹೋದ ಸಲ ಈಕೆ ಹೇಳಿದ್ದು ಅಕ್ಷರಶಃ ನಿಜವಾಗಿತ್ತೆಂದು ತನ್ನ ಹೊಸ್ತಿಲಿನ ಬನ್ನೇ ಹೇಳಿತ್ತು, ನಗಾಡಿದವನು ತಾನು.

“ಕ್ಷಮಿಸಿಯಮ್ಮ,” ಎಂದು ಟೋಪಿ ತೆಗೆದ. “ಈ ಸಲ ನಂಬ್ತೀನಿ.”

ಮೇಲೆ ತೌನೊ ಕಾಫಿ ಆರದಿರಲೆಂದು ಎರಡನೆಯ ಲೋಟದ ಮೇಲೆ ತಟ್ಟೆ ಮುಚ್ಚಿದ.