ಡೇಟಾ ಸೆಂಟರಿಗೆ ಮಾಮಿಯ ಒಪ್ಪಿಗೆ

ನಮ್ಮ ಸೋದರಮಾವನಿಗೆ ದೇವರ ಮೇಲೆ ನಂಬಿಕೆ ಇದೆಯೋ ಇಲ್ಲವೋ ಹೇಳಲಾರೆ. ಅಲ್ಯೂಮಿನಿಯಂ ಮೇಲಂತೂ ಇದೆ. ಬಾಗಲಕೋಟೆ ಕಡೆಯಿಂದ ಪುಣೆಗೆ ಬಂದು ಕೋಥರೂಡದಲ್ಲಿ ಕಿಟಕಿ ಚೌಕಟ್ಟು ಮಾಡುವ ಅಂಗಡಿ ಇಟ್ಟವರು. ತೊಂಬತ್ತರ ದಶಕದಲ್ಲಿ ಅಲ್ಲಿನ ಜನಕ್ಕೆ ಬಾಲ್ಕನಿ ಮುಚ್ಚಿ ಕೋಣೆ ಮಾಡಿಕೊಳ್ಳುವ ಹುಚ್ಚು ಹಿಡಿದಾಗ ಅರ್ಧ ಬಡಾವಣೆಗೆ ಇವರದೇ ಸ್ಲೈಡಿಂಗ್ ಕಿಟಕಿ. ಯಾರ ಮನೆಗೆ ಹೋದರೂ ಚಪ್ಪಲಿ ಬಿಡುವ ಮೊದಲೇ ಕಿಟಕಿಗೆ ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದು ನೋಡುತ್ತಾರೆ. ಡಾಕ್ಟರು ಕೂಡ ರೋಗಿಯ ಬೆನ್ನನ್ನು ಅಷ್ಟು ಶ್ರದ್ಧೆಯಿಂದ ಬಡಿಯುವುದಿಲ್ಲ!

ನನಗೆ ಹೆಣ್ಣು ನೋಡಲು ಹೋದಾಗಲೂ ಇದೇ ಆಯಿತು. ಹುಡುಗಿ ಉಪ್ಪಿಟ್ಟು ತಂದಿಟ್ಟು ನಿಂತಿದ್ದಾಳೆ, ಮಾಮಾ ಕಿಟಕಿಯ ಹತ್ತಿರ! ಕಡೆಗೆ ಎಲ್ಲರೂ ಅವರ ಅಭಿಪ್ರಾಯ ಕೇಳಿದರು.

"ಹುಡುಗಿ ಚಲೋ ಇದ್ದಾಳ್ರಿ," ಎಂದರು ನನ್ನ ಭಾವೀ ಮಾವನಿಗೆ. "ಚೌಕಟ್ಟು ಮಾತ್ರ ಭಾಳ ತೆಳು ಅದ. ಮಳಿಗಾಲದಾಗ ನೀರು ಒಳಗ ಬರ್ತದ."

ಮದುವೆಯಾಯಿತು. ಮೊದಲ ಮಳೆಗೇ ಅತ್ತೆಮಾವನ ಮನೆಯೊಳಗೆ ನೀರು ಬಂತು. ನನ್ನ ಹೆಂಡತಿ ಮಾಮಾನನ್ನು ಇನ್ನೂ ಕ್ಷಮಿಸಿಲ್ಲ.

ಇಂಥವರಿಗೆ ಎರಡು ಸಾವಿರದ ಇಸವಿ ದಾಟಿದ ಮೇಲೆ ಪುಣೆಯಂಚಿನ ಹಿಂಜವಾಡಿಯಿಂದ ಕರೆ ಬಂತು. ಅಲ್ಲೊಂದು ಕಂಪನಿ ಡೇಟಾ ಸೆಂಟರ್ ಕಟ್ಟುತ್ತಿತ್ತು. ಸಾಲುಸಾಲು ಕಂಪ್ಯೂಟರುಗಳ ಸುತ್ತ ತಣ್ಣನೆಯ ಗಾಳಿಯನ್ನು ಹಿಡಿದಿಡಲು ಚೌಕಟ್ಟಿನ ಕೋಣೆಗಳು ಬೇಕು. ಸ್ಟೀಲೋ ಅಲ್ಯೂಮಿನಿಯಮ್ಮೋ ಇನ್ನೂ ತೀರ್ಮಾನವಾಗಿರಲಿಲ್ಲ. ಇಂಗ್ಲಿಷ್ ಬೇಕಾದರೆ ಇರಲಿ ಎಂದು ಮಾಮಾ ನನ್ನನ್ನೂ ಕರೆದೊಯ್ದರು. ಎಂಜಿನಿಯರ್ ನೋಡಿದರೆ ಬೆಂಗಳೂರಿನವನು!

"ಕಿಟಕಿ ಎಷ್ಟ್ರೀ?" ಎಂದರು ಮಾಮಾ.

"ಕಿಟಕಿನೇ ಇಲ್ಲ ಸಾರ್."

"ಒಳಗ ಇರೋರು ಯಾರು?"

"ಯಾರೂ ಇರಲ್ಲ. ಬರೀ ಮಷೀನ್ಸ್."

ಕಿಟಕಿ ಇಲ್ಲ, ಜನ ಇಲ್ಲ, ಆದರೆ ಎಸಿ ಇದೆ! ಮಾಮಾನ ಮುಖ ಸಾವಿನ ಮನೆಗೆ ಬಂದವರ ಹಾಗಾಯಿತು. ಆದರೂ ಬೇಗ ಚೇತರಿಸಿಕೊಂಡು ಶುರು ಮಾಡಿದರು: "ಸ್ಟೀಲ್ ಭಾರ, ಜಂಗ್ ಹಿಡೀತದ, ವೆಲ್ಡಿಂಗ್ ಕಿಡಿ ಹಾರ್ತಾವ. ಅಲ್ಯೂಮಿನಿಯಂಗ ಬರೇ ಬೋಲ್ಟು. ನಾಳಿ ನಿಮ್ಮ ಮಷೀನ್ ಹೆಚ್ಚಾದ್ವು ಅಂದ್ರ ಬಿಚ್ಚಿ ಮುಂದ ಸರಿಸಿದ್ರಾತು."

"ಎಷ್ಟು ದಪ್ಪದ್ದು ಹಾಕ್ತೀರಾ ಸಾರ್?"

"ಮನ್ಯಾಗ ಕೇಳಿ ಹೇಳ್ತೀನಿ."

"ಮೇಡಂ ಸ್ಟ್ರಕ್ಚರಲ್ ಎಂಜಿನಿಯರಾ?"

"ಅಲ್ಲ. ಮನಿಯಾಕಿ."

ಮಾಮಿಯ ವಿಷಯ ಇಲ್ಲಿ ಹೇಳಬೇಕು. ಆಗಷ್ಟೇ ಅವರಿಗೆ ಲಕ್ವಾ ಹೊಡೆದು ಬಲಗೈ ಸೋತಿತ್ತು. ಪಕ್ಕದ ಮನೆಯವರಿಗೂ ಹಸಿವಾಗುವಂತೆ ರೊಟ್ಟಿ ಬಡಿಯುತ್ತಿದ್ದ ಕೈ ಅದು. ವ್ಯಾಯಾಮ ಮಾಡಿದರೆ ಕೈ ಬರುತ್ತದೆ, ಈಗ ಬಿಟ್ಟರೆ ಮತ್ತೆ ಬರುವುದಿಲ್ಲ ಎಂದು ಡಾಕ್ಟರು ಹಿಚುಕಲು ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. "ನಾ ಏನು ಸಣ್ಣ ಕೂಸೇನು, ಚಂಡು ಆಡ್ಲಿಕ್ಕೆ?" ಎಂದು ಮಾಮಿ ಅದನ್ನು ಎಡಗೈಯಿಂದ ಕಿಟಕಿಯಾಚೆ ಎಸೆದು, ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದರು.

ಅಂಥವರ ಮುಂದೆ ಈ ಮಹಾರಾಯರು ಗಜದುದ್ದದ ಅಲ್ಯೂಮಿನಿಯಂ ತುಂಡು ತಂದು ಹಿಡಿದರು!

"ಎತ್ತಿ ನೋಡು. ಬಲಗೈಲೇ."

"ನನ್ನ ಕೈ ಹಿಂಗಾಗೇದ, ನಿಮಗ ಅಲ್ಯೂಮಿನಿಯಂ ಚಿಂತಿ ಏನ್ರಿ?"

"ಅದಕ್ಕ ನಿನ್ನ ಕಡೆ ತಂದೀನಿ. ಗಟ್ಟಿ ಕೈಗೆ ಎಲ್ಲಾ ಹಗುರ ಅನಸ್ತದ. ನೀ ಹೇಳೋತನಕ ಆರ್ಡರ್ ಮುಂದ ಹೋಗೂದಿಲ್ಲ."

ನನಗೆ ಮೈಯೆಲ್ಲ ಉರಿಯಿತು. ಹೆಂಡತಿಯನ್ನೇ ತಕ್ಕಡಿ ಮಾಡಿಕೊಂಡ ಗಂಡನನ್ನು ನೀವು ಎಲ್ಲಾದರೂ ನೋಡಿದ್ದೀರಾ? ಆದರೆ ಮಾಮಿ ಎದ್ದು ಕೂತರು. ಸಿಟ್ಟಿನಿಂದಲೇ ಎತ್ತಲು ನೋಡಿದರು, ಆಗಲಿಲ್ಲ. "ಭಾರ," ಎಂದು ತೀರ್ಪು ಕೊಟ್ಟರು. ಮರುದಿನ ಬೇರೆ ತುಂಡು ಬಂತು. ಅದೂ ಭಾರ. ಇನ್ನೊಂದು ಬಂತು, ಬೆರಳು ಮಡಚಿ ಹಿಡಿದರು, ಒಂದು ತುದಿ ಮೇಲೆದ್ದಿತು.

ಬರಬರುತ್ತ ಮಾಮಿ ಸರ್ಕಾರಿ ಇನ್‌ಸ್ಪೆಕ್ಟರೇ ಆಗಿಬಿಟ್ಟರು. "ಇದರ ಅಂಚು ಚುಚ್ಚತದ, ವಾಪಸ್ ಕಳಸ್ರಿ." "ಈ ಬಣ್ಣ ದವಾಖಾನಿ ಇದ್ದಂಗ ಅದ." ಹಾಲ್ ತುಂಬ ತುಂಡುಗಳು! ಮೇಲಿನ ಮನೆಯ ಕಾಕೂ ಒಂದು ದಿನ ಎಡವಿ, "ಅಹೋ, ಹೇ ಘರ್ ಆಹೇ ಕೀ ಗೋದಾಮ್?" ಇದೇನು ಮನೆಯೋ ಗೋದಾಮೋ ಎಂದು ಮರಾಠಿಯಲ್ಲಿ ಕೂಗಾಡಿ ಹೋದರು. ಸಂಜೆಯಾದರೆ ಮಾಮಿಯದು ಒಂದೇ ಪ್ರಶ್ನೆ: "ಡೇಟಾ ಸೆಂಟರ್‌ದವರು ಏನಂದ್ರು?"

"ನಿನ್ನ ಮಾತಿಗೇ ಕಾಯ್ಲಿಕ್ಕೆ ಹತ್ಯಾರ!"

ಕೆಲವು ತಿಂಗಳ ನಂತರ ನನ್ನದೇ ಕೆಲಸಕ್ಕೆ ಹಿಂಜವಾಡಿಗೆ ಹೋದಾಗ ಚಹಾದ ಗಾಡಿಯ ಹತ್ತಿರ ಆ ಎಂಜಿನಿಯರ್ ಸಿಕ್ಕ. ಡೇಟಾ ಸೆಂಟರ್ ಎಲ್ಲಿಗೆ ಬಂತು ಎಂದು ಕೇಳಿದೆ.

"ಅದು ಶುರುವಾಗಿ ಎಷ್ಟು ದಿನ ಆಯ್ತು ಸಾರ್! ಸ್ಟೀಲ್ ಹಾಕಿದ್ವಿ. ನಿಮ್ಮ ಮಾವನಿಗೆ ಮೊದಲ ತಿಂಗಳೇ ಹೇಳಿದ್ವಲ್ಲ?"

ಆರ್ಡರ್ ಕೈಬಿಟ್ಟು ಹೋದಮೇಲೂ ಮನೆಯಲ್ಲಿ ಈ ಬಡಾಯಿಯೇ! ಪಾಪ, ಮಾಮಿಗೆ ಇಷ್ಟು ದಿನ ಮೋಸ! ಸಿಟ್ಟಿನಲ್ಲಿ ನೇರ ಕೋಥರೂಡಕ್ಕೆ ಬಂದೆ. ಮಾಮಾ ಇನ್ನೂ ಅಂಗಡಿಯಿಂದ ಬಂದಿರಲಿಲ್ಲ. ಮಾಮಿ ಬಲಗೈಯಿಂದ ನಿಧಾನವಾಗಿ ಹಿಟ್ಟು ನಾದುತ್ತಿದ್ದರು. ನಾನು ಎಲ್ಲವನ್ನೂ ಒದರಿದೆ.

"ಗೊತ್ತದ ಬಿಡಪ್ಪಾ," ಎಂದರು ತಲೆಯೆತ್ತದೆ. "ಆ ಎಂಜಿನಿಯರ್ ಹುಡುಗ ಮನಿಗೂ ಫೋನ್ ಮಾಡಿದ್ದ. ಎತ್ತಿದಾಕಿ ನಾನ."

"ಮತ್ತ ಸುಮ್ನ ಯಾಕಿದ್ರಿ?"

"ಲಗ್ನಾಗಿ ಇಷ್ಟು ವರ್ಷದಾಗ ಗ್ವಾಡಿಗೆ ಒಂದು ಮೊಳಿ ಹೊಡ್ಯೂದಿದ್ರೂ ನನ್ನ ಕೇಳಿದವರಲ್ಲ. ಈಗ ದಿನಾ ಬಂದು, ಮುಂದ ಕೂತು ಕೇಳ್ತಾರ. ನಾ ಯಾಕ ಬಿಡ್ಲಿ?"

ಬೆಲ್ ಆಯಿತು. ಮಾಮಾ ಒಳಗೆ ಬಂದರು, ಕೈಯಲ್ಲಿ ಹೊಸ ತುಂಡು.

"ಇದನ್ನ ನೋಡು. ಅವರಿಗೆ ಭಾಳ ಅವಸರ ಅದ."

ಮಾಮಿ ಕೈ ಒರೆಸಿಕೊಂಡು ಬಲಗೈಯಲ್ಲಿ ಅದನ್ನು ಹೆಗಲ ಮಟ್ಟಕ್ಕೆ ಎತ್ತಿ ಹಿಡಿದರು. ಕೈ ನಡುಗಲಿಲ್ಲ. ಮಾಮಾ ನೋಡುತ್ತಿದ್ದದ್ದು ಅಲ್ಯೂಮಿನಿಯಮ್ಮನ್ನಲ್ಲ, ಆ ಕೈಯನ್ನು.

"ಭಾರ ಆತ್ರಿ," ಎಂದರು ಮಾಮಿ. "ನಾಳಿ ಬ್ಯಾರೇದು ತರ್ರಿ."